ಸಮವಸ್ತ್ರದ ಬೆಲೆ ಯಾರು ಕೊಡಬೇಕು?



ಆಗಸ್ಟ್ ಮುಗಿಯುತ್ತ ಬಂದಂತೆ ಈ ದೇಶದ ನಮ್ಮ ಮನೆಗಳಲ್ಲೆಲ್ಲ ಒಂದೇ ಮಾತು. ಹೋದ ವರ್ಷದ ಪ್ಯಾಂಟು ಕಣಕಾಲಿನ ಮೇಲೇರಿದೆ, ಬ್ಲೇಜರಿನ ತೋಳು ಸಾಲದು, ಟೈ ಎಲ್ಲೋ ಕಳೆದುಹೋಗಿದೆ. ಒಂದು ಶನಿವಾರ ಬಿಡುವು ಮಾಡಿಕೊಂಡು ಅಂಗಡಿಗೆ ಹೋಗಿ, ಸಾಲಿನಲ್ಲಿ ನಿಂತು, ಹಣ ಕೊಟ್ಟು ಬಂದರೆ ನಮ್ಮಲ್ಲಿ ಅನೇಕರಿಗೆ ಕೆಲಸ ಮುಗಿಯಿತು. ಅದೇ ಅಂಗಡಿಯಲ್ಲಿ ಬೆಲೆಯ ಚೀಟಿ ನೋಡಿ, ಮಗುವಿನ ಮುಖ ನೋಡಿ, ಬಟ್ಟೆಯನ್ನು ಇದ್ದಲ್ಲೇ ತೂಗುಹಾಕಿ ಹೊರಟುಹೋಗುವ ತಾಯಂದಿರೂ ಇರುತ್ತಾರೆ. ಅವರ ಕಡೆ ನಮ್ಮ ಗಮನ ಹೋಗುವುದು ಕಡಿಮೆ.

ಬಡವ ಬಲ್ಲಿದ ಎಂಬ ಭೇದ ಕಾಣದಿರಲೆಂದು ಸಮವಸ್ತ್ರ ಬಂತು ಎಂದು ನಾವೆಲ್ಲ ಕೇಳಿದ್ದೇವೆ. ನಾನೂ ಬಹಳ ಕಾಲ ಹಾಗೆಯೇ ನಂಬಿದ್ದೆ. ಅದರ ಚರಿತ್ರೆಯನ್ನು ಸ್ವಲ್ಪ ಓದಿದ ಮೇಲೆ ಆ ಮಾತು ಅರ್ಧ ಮಾತ್ರ ನಿಜವೆಂದು ತಿಳಿಯಿತು.

ಕಥೆ ಶುರುವಾಗುವುದು ಲಂಡನ್ನಿನಲ್ಲಿ, 1552ರಲ್ಲಿ. ಆರನೆಯ ಎಡ್ವರ್ಡ್ ದೊರೆಯಾಗಿದ್ದಾಗ, ಬೀದಿಪಾಲಾಗಿದ್ದ ಅನಾಥ ಮತ್ತು ಬಡ ಮಕ್ಕಳಿಗಾಗಿ ಗ್ರೇಫ್ರಯರ್ಸ್ ಸಂನ್ಯಾಸಿಗಳ ಹಳೆಯ ಮಠದಲ್ಲಿ ಒಂದು ಸಂಸ್ಥೆ ತೆರೆಯಿತು. ಅದರ ಹೆಸರು ಕ್ರೈಸ್ಟ್ಸ್ ಹಾಸ್ಪಿಟಲ್. ಈ ಹೆಸರನ್ನು ಮೊದಲು ಕೇಳಿದಾಗ ವೈದ್ಯನಾದ ನಾನು ಅದೊಂದು ಆಸ್ಪತ್ರೆಯೆಂದೇ ತಿಳಿದಿದ್ದೆ! ಆ ಕಾಲದಲ್ಲಿ ಹಾಸ್ಪಿಟಲ್ ಎಂದರೆ ದಿಕ್ಕಿಲ್ಲದವರಿಗೆ ಆಶ್ರಯ ಕೊಡುವ ಜಾಗ. ಅಲ್ಲಿ ಮಕ್ಕಳಿಗೆ ಊಟ, ವಸತಿ, ಪಾಠದ ಜೊತೆಗೆ ಬಟ್ಟೆಯೂ ಸಿಗುತ್ತಿತ್ತು: ಕಾಲಿನವರೆಗೆ ಇಳಿಬಿದ್ದ ನೀಲಿ ಕೋಟು, ಸೊಂಟಕ್ಕೊಂದು ಪಟ್ಟಿ, ಹಳದಿ ಕಾಲುಚೀಲ. ನೀಲಿಯನ್ನು ಆರಿಸಿದ್ದು ಅಂದಕ್ಕಲ್ಲ. ಆಗ ಅದು ಅಗ್ಗದ ಬಣ್ಣ, ಸೇವಕರೂ ಕಸುಬು ಕಲಿಯುವ ಹುಡುಗರೂ ತೊಡುತ್ತಿದ್ದ ಬಣ್ಣ. ಕವಿ ಕೋಲರಿಜ್ ಮತ್ತು ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್ ಇಬ್ಬರೂ ಈ ಕೋಟು ತೊಟ್ಟೇ ಓದಿದವರು.

ಇದರ ಹಿಂದೆಯೇ ಬೇರೆ ಧರ್ಮಶಾಲೆಗಳೂ ಬಂದವು. ವೆಸ್ಟ್‌ಮಿನ್ಸ್ಟರಿನಲ್ಲಿ 1698ರಲ್ಲಿ ಗ್ರೇ ಕೋಟ್ ಹಾಸ್ಪಿಟಲ್ ಆರಂಭವಾಯಿತು. ಮುಂದಿನ ನೂರು ವರ್ಷಗಳಲ್ಲಿ ಊರೂರಿನಲ್ಲಿ ನೀಲಿ, ಬೂದು, ಹಸಿರು ಕೋಟಿನ ಶಾಲೆಗಳು ಹುಟ್ಟಿದವು. ಎಲ್ಲ ಕಡೆಯೂ ಬಟ್ಟೆ ಧರ್ಮಾರ್ಥ. ಆದರೆ ಅದರಲ್ಲೊಂದು ಮುಳ್ಳೂ ಇತ್ತು. ಆ ಬಟ್ಟೆ ತೊಟ್ಟ ಮಗು ಧರ್ಮದ ಅನ್ನ ತಿನ್ನುವ ಮಗು ಎಂದು ಇಡೀ ಊರಿಗೆ ಗೊತ್ತಾಗುತ್ತಿತ್ತು. ಮಗು ತನ್ನ ಸ್ಥಾನವನ್ನು ಮರೆಯಬಾರದು ಎಂಬುದೇ ಅನೇಕ ದಾನಿಗಳ ಉದ್ದೇಶವಾಗಿತ್ತು. ಅಂದರೆ ಸಮವಸ್ತ್ರ ಹುಟ್ಟಿದ್ದು ಬಡತನವನ್ನು ಮರೆಸುವುದಕ್ಕಲ್ಲ, ತೋರಿಸುವುದಕ್ಕೆ.

ಹತ್ತೊಂಬತ್ತನೆಯ ಶತಮಾನದಲ್ಲಿ ವಿಷಯ ತಲೆಕೆಳಗಾಯಿತು. ಶ್ರೀಮಂತರ ಮಕ್ಕಳು ಓದುವ ಪಬ್ಲಿಕ್ ಶಾಲೆಗಳು ತಮ್ಮದೇ ಟೋಪಿ, ಟೈ, ಬ್ಲೇಜರುಗಳನ್ನು ರೂಢಿಗೆ ತಂದವು. ಬ್ಲೇಜರು ದೋಣಿ ಸ್ಪರ್ಧೆಯ ತಂಡಗಳಿಂದ, ಆಟದ ಮೈದಾನದಿಂದ ಬಂದದ್ದು. ಈಗ ಶಾಲೆಯ ಬಟ್ಟೆ ಹೆಮ್ಮೆಯ ಗುರುತಾಯಿತು. ಅದನ್ನು ಯಾರೂ ಧರ್ಮಕ್ಕೆ ಕೊಡುತ್ತಿರಲಿಲ್ಲ, ತಂದೆತಾಯಿ ಕೊಳ್ಳಬೇಕಾಗಿತ್ತು. ಮಧ್ಯಮ ವರ್ಗದ ಗ್ರಾಮರ್ ಶಾಲೆಗಳೂ ಅದನ್ನೇ ಅನುಕರಿಸಿದವು.

ಬಡವರ ಮಕ್ಕಳ ಪಾಡು ಬೇರೆಯಾಗಿತ್ತು. ಇಂಗ್ಲೆಂಡಿನಲ್ಲಿ 1880ರಲ್ಲಿ ಶಾಲೆಗೆ ಹೋಗುವುದು ಕಡ್ಡಾಯವಾಯಿತು. 1891ರ ಕಾನೂನಿನಿಂದ ಪ್ರಾಥಮಿಕ ಶಾಲೆಯ ಶುಲ್ಕ ಬಹುಮಟ್ಟಿಗೆ ಹೋಯಿತು. ಆದರೆ ಕಾಲಿಗೆ ಬೂಟು ಎಲ್ಲಿಂದ ಬರಬೇಕು? ಕೈಗಾರಿಕಾ ನಗರಗಳಲ್ಲಿ ಮಕ್ಕಳು ಚಳಿಗಾಲದಲ್ಲೂ ಬರಿಗಾಲಲ್ಲಿ ಬರುತ್ತಿದ್ದರು. ಲಿವರ್‌ಪೂಲ್, ಎಡಿನ್‌ಬರೋಗಳಂಥ ನಗರಗಳಲ್ಲಿ ಪೊಲೀಸರ ನೆರವಿನಿಂದ ಬಟ್ಟೆ ಹಂಚುವ ಸಂಘಗಳು ಹುಟ್ಟಿಕೊಂಡವು. ಅವರು ಕೊಡುವ ಬಟ್ಟೆಗೆ ಒಂದು ಮುದ್ರೆ ಒತ್ತುತ್ತಿದ್ದರು. ಮನೆಯವರು ಅದನ್ನು ಗಿರವಿ ಅಂಗಡಿಯಲ್ಲಿ ಇಡದಿರಲಿ ಎಂಬ ಮುಂಜಾಗ್ರತೆ ಅದು. ಉದ್ದೇಶ ಒಳ್ಳೆಯದೇ. ಆದರೆ ಆ ಮುದ್ರೆ ಗಿರವಿ ಅಂಗಡಿಯವನಿಗೆ ಕಂಡಂತೆ ಪಕ್ಕದ ಬೆಂಚಿನ ಹುಡುಗನಿಗೂ ಕಾಣುತ್ತಿತ್ತು!

ಇಲ್ಲಿ ನಮ್ಮ ವೈದ್ಯವೃತ್ತಿಯ ಪಾತ್ರವೂ ಸ್ವಲ್ಪ ಇದೆ. ದಕ್ಷಿಣ ಆಫ್ರಿಕದ ಬೋಯರ್ ಯುದ್ಧಕ್ಕೆ ಸೇರಲು ಬಂದ ಯುವಕರಲ್ಲಿ ಎಷ್ಟೋ ಮಂದಿ ದೈಹಿಕವಾಗಿ ಅಸಮರ್ಥರೆಂದು ಕಂಡಾಗ ಸರಕಾರಕ್ಕೆ ಎಚ್ಚರವಾಯಿತು. 1906ರಲ್ಲಿ ಶಾಲೆಯ ಊಟದ ಕಾನೂನು, 1907ರಲ್ಲಿ ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆಯ ಕಾನೂನು ಬಂದವು. ತಪಾಸಣೆಯ ಪಟ್ಟಿಯಲ್ಲಿ ಎತ್ತರ, ತೂಕ, ಹಲ್ಲು, ಕಣ್ಣುಗಳ ಜೊತೆಗೆ ಬಟ್ಟೆ ಮತ್ತು ಪಾದರಕ್ಷೆಯ ಸ್ಥಿತಿಯನ್ನೂ ಬರೆಯಬೇಕಾಗಿತ್ತು. ಒದ್ದೆ ಬೂಟಿನಲ್ಲಿ ದಿನವಿಡೀ ಕುಳಿತ ಮಗುವಿಗೆ ಔಷಧಿಗಿಂತ ಮೊದಲು ಬೇಕಾದದ್ದು ಒಣ ಬೂಟು ಎಂದು ತಿಳಿಯಲು ದೊಡ್ಡ ಡಿಗ್ರಿ ಬೇಕಿಲ್ಲ.

1944ರ ಶಿಕ್ಷಣ ಕಾನೂನು ಈ ದೇಶದ ದೊಡ್ಡ ಮೈಲಿಗಲ್ಲು. ಸರಕಾರ ನಡೆಸುವ ಮಾಧ್ಯಮಿಕ ಶಾಲೆಗಳಲ್ಲಿ ಶುಲ್ಕ ಹೋಯಿತು. ಕೂಲಿಯವನ ಮಗಳೂ ಪರೀಕ್ಷೆ ಪಾಸಾದರೆ ಗ್ರಾಮರ್ ಶಾಲೆಗೆ ಹೋಗಬಹುದಾಯಿತು. ಸಾಕಷ್ಟು ಬಟ್ಟೆಯಿಲ್ಲದ ಮಗುವಿಗೆ ಸ್ಥಳೀಯ ಆಡಳಿತ ಬಟ್ಟೆ ಒದಗಿಸಬಹುದು ಎಂದೂ ಕಾನೂನು ಹೇಳಿತು. ಆದರೆ ಸೀಟು ಸಿಕ್ಕಿದ ಮನೆಗೆ ಶಾಲೆಯಿಂದ ಒಂದು ಉದ್ದ ಪಟ್ಟಿ ಬರುತ್ತಿತ್ತು: ಬ್ಲೇಜರು, ಟೋಪಿ, ಟೈ, ಮಳೆಕೋಟು, ಆಟದ ಉಡುಪು, ಅದೂ ಇಂಥದೇ ಅಂಗಡಿಯಿಂದ. 1941ರಿಂದ 1949ರವರೆಗೆ ಬಟ್ಟೆಗೆ ರೇಷನ್ ಬೇರೆ ಇತ್ತು, ಹಣದ ಜೊತೆಗೆ ಕೂಪನ್ನುಗಳನ್ನೂ ಹೊಂದಿಸಬೇಕು. ಪಟ್ಟಿ ನೋಡಿ ಸೀಟನ್ನೇ ಬಿಟ್ಟುಕೊಟ್ಟ ಮನೆಗಳು ಹಲವು. ಶುಲ್ಕದ ಬಾಗಿಲು ತೆರೆಯಿತು, ಬಟ್ಟೆಯ ಬಾಗಿಲು ಮುಚ್ಚಿಯೇ ಇತ್ತು.

ಈಗಲೂ ಆ ಬಾಗಿಲು ಪೂರ್ತಿ ತೆರೆದಿಲ್ಲ. ಸ್ಕಾಟ್ಲೆಂಡಿನಲ್ಲಿ 2018ರಲ್ಲಿ ಎಲ್ಲ ಕೌನ್ಸಿಲುಗಳೂ ಅರ್ಹ ಮಗುವಿಗೆ ಕನಿಷ್ಠ 100 ಪೌಂಡ್ ಕೊಡಬೇಕೆಂದು ಗೊತ್ತುಮಾಡಿದರು. 2021ರಲ್ಲಿ ಅದನ್ನು ಪ್ರಾಥಮಿಕ ಶಾಲೆಗೆ 120, ಮಾಧ್ಯಮಿಕ ಶಾಲೆಗೆ 150 ಪೌಂಡಿಗೆ ಏರಿಸಿದರು. ವೇಲ್ಸ್ ಮತ್ತು ಉತ್ತರ ಐರ್ಲೆಂಡುಗಳಲ್ಲೂ ಸರಕಾರದ ನೆರವಿದೆ. ಇಂಗ್ಲೆಂಡಿನಲ್ಲಿ ಮಾತ್ರ ಅದು ಕೌನ್ಸಿಲಿನ ಇಚ್ಛೆಗೆ ಬಿಟ್ಟ ವಿಷಯ. ಒಂದು ಊರಿನ ಮಗುವಿಗೆ ಸಿಗುವ ನೆರವು ಪಕ್ಕದ ಊರಿನ ಮಗುವಿಗೆ ಸಿಗದೆ ಇರಬಹುದು. ಒಂದು ಮಗುವಿನ ಸಮವಸ್ತ್ರಕ್ಕೆ ವರ್ಷಕ್ಕೆ ಸರಾಸರಿ ಮಾಧ್ಯಮಿಕ ಶಾಲೆಯಲ್ಲಿ 422 ಪೌಂಡ್, ಪ್ರಾಥಮಿಕ ಶಾಲೆಯಲ್ಲಿ 287 ಪೌಂಡ್ ಆಗುತ್ತದೆಂದು ಚಿಲ್ಡ್ರನ್ಸ್ ಸೊಸೈಟಿ ಎಂಬ ಸಂಸ್ಥೆ 2023ರಲ್ಲಿ ಲೆಕ್ಕ ಕೊಟ್ಟಿತು. ಎರಡು ಮೂರು ಮಕ್ಕಳಿರುವ ಮನೆಯ ಲೆಕ್ಕವನ್ನು ನೀವೇ ಮಾಡಿಕೊಳ್ಳಿ. ತೆರಿಗೆಯಲ್ಲೂ ಒಂದು ವಿಚಿತ್ರವಿದೆ. ಹದಿನಾಲ್ಕು ವರ್ಷದೊಳಗಿನವರ ಅಳತೆಯ ಬಟ್ಟೆಗೆ ವ್ಯಾಟ್ ಇಲ್ಲ. ಆದ್ದರಿಂದ ಹನ್ನೆರಡಕ್ಕೇ ಎತ್ತರ ಬೆಳೆದ ಹುಡುಗನ ತಾಯಿ ದೊಡ್ಡವರ ಅಳತೆ ಕೊಂಡು ಸಾಮಾನ್ಯವಾಗಿ ತೆರಿಗೆಯನ್ನೂ ಕೊಡಬೇಕಾಗುತ್ತದೆ.

2021ರಲ್ಲಿ ಪಾರ್ಲಿಮೆಂಟು ಒಂದು ಒಳ್ಳೆಯ ಕೆಲಸ ಮಾಡಿತು. ಸದಸ್ಯ ಮೈಕ್ ಏಮ್ಸ್‌ಬರಿ ಮಂಡಿಸಿದ್ದ ಮಸೂದೆ ಇಂಗ್ಲೆಂಡಿಗೆ ಕಾನೂನಾಯಿತು. ಅದರಂತೆ ಬಂದ ಸೂಚನೆಗಳ ಪ್ರಕಾರ ಶಾಲೆಗಳು ಲಾಂಛನವಿರುವ ಬಟ್ಟೆಗಳನ್ನು ಆದಷ್ಟು ಕಡಿಮೆ ಮಾಡಬೇಕು, ಒಂದೇ ಅಂಗಡಿಗೆ ಗಂಟುಹಾಕಬಾರದು, ಹಳೆಯ ಬಟ್ಟೆ ಸಿಗುವ ವ್ಯವಸ್ಥೆ ಇರುವಂತೆ ನೋಡಿಕೊಳ್ಳಬೇಕು. 2024ರ ಡಿಸೆಂಬರಿನಲ್ಲಿ ಮಂಡನೆಯಾದ ಇನ್ನೊಂದು ಮಸೂದೆ ಲಾಂಛನದ ಬಟ್ಟೆಗಳಿಗೆ ಸಂಖ್ಯೆಯ ಮಿತಿಯನ್ನೇ ಹಾಕಲು ಹೊರಟಿತು.

ನಮ್ಮ ನಾಡಿಗೆ ಈ ಪದ್ಧತಿ ಇಂಗ್ಲಿಷರ ಶಾಲೆಗಳ ಮೂಲಕವೇ ಬಂತು, ಕಷ್ಟವೂ ಜೊತೆಯಲ್ಲೇ ಬಂತು. ಸರಕಾರಿ ಶಾಲೆಯಲ್ಲಿ ಓದುವಾಗ ನನಗಿದ್ದುದು ಒಂದೇ ಜೊತೆ ಬಿಳಿ ಅಂಗಿ, ಖಾಕಿ ಚಡ್ಡಿ. "ಬೆಳೆಯೋ ಹುಡುಗ, ಸ್ವಲ್ಪ ದೊಡ್ಡದಾಗೇ ಹೊಲಿಯಪ್ಪ" ಎಂದು ಅಮ್ಮ ದರ್ಜಿಗೆ ಹೇಳುತ್ತಿದ್ದಳು. ಮೊದಲ ವರ್ಷ ಅದು ಜೋಲಾಡುತ್ತಿತ್ತು, ಮೂರನೆಯ ವರ್ಷ ಬಿಗಿಯುತ್ತಿತ್ತು. ಸಂಜೆ ಒಗೆದು, ಮಳೆಗಾಲದಲ್ಲಿ ಒಲೆಯ ಮೇಲಿನ ಹಗ್ಗಕ್ಕೆ ಹಾಕಿ, ಬೆಳಿಗ್ಗೆ ಕೆಂಡ ತುಂಬಿದ ಚೊಂಬಿನಿಂದ ಇಸ್ತ್ರಿ ಮಾಡಿ ಕಳಿಸುತ್ತಿದ್ದಳು. ನನ್ನ ಅಂಗಿಗೆ ಸದಾ ಹೊಗೆಯ ವಾಸನೆ. ನಮ್ಮ ತರಗತಿಯಲ್ಲಿ ಯಾರಿಗೆ ಎರಡು ಜೊತೆ ಇದೆ, ಯಾರಿಗೆ ಒಂದೇ ಇದೆ ಎಂದು ಆ ವಾಸನೆಯಿಂದಲೇ ತಿಳಿಯುತ್ತಿತ್ತು. ಬಣ್ಣ ಒಂದೇ ಆದರೂ ಭೇದ ಅಡಗಲಿಲ್ಲ.

ಈಗ ಕರ್ನಾಟಕದ ಸರಕಾರಿ ಶಾಲೆಗಳ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಸಮವಸ್ತ್ರ ಉಚಿತ. 2009ರ ಶಿಕ್ಷಣ ಹಕ್ಕು ಕಾಯಿದೆಯ ಬೆನ್ನಲ್ಲೇ 2010ರಲ್ಲಿ ಬಂದ ಕೇಂದ್ರದ ಮಾದರಿ ನಿಯಮಗಳು ಪಠ್ಯಪುಸ್ತಕದಂತೆ ಸಮವಸ್ತ್ರವೂ ಮಗುವಿಗೆ ಉಚಿತವಾಗಿ ಸಿಗಬೇಕೆಂದವು. ಕೇಂದ್ರದ ಸಮಗ್ರ ಶಿಕ್ಷಾ ಯೋಜನೆಯಲ್ಲಿ 2018ರಲ್ಲಿ ಮಗುವೊಂದಕ್ಕೆ ಎರಡು ಜೊತೆಗೆ ಕೊಡುವ ಹಣವನ್ನು 400 ರೂಪಾಯಿಯಿಂದ 600ಕ್ಕೆ ಏರಿಸಿದರು. ಕೊಪ್ಪಳ ಜಿಲ್ಲೆಯ ಒಬ್ಬ ಶಾಲಾ ಬಾಲಕನ ಹೆಸರಿನಲ್ಲಿ ಹೈಕೋರ್ಟಿಗೆ ಅರ್ಜಿ ಹೋಗಿ, ಎರಡನೆಯ ಜೊತೆಯನ್ನೂ ಕೊಡಬೇಕೆಂದು 2019ರಲ್ಲಿ ಆದೇಶವಾಯಿತು. ಎರಡನೆಯ ಜೊತೆ ಎಂದರೇನೆಂದು ಒಲೆಯ ಮೇಲೆ ಅಂಗಿ ಒಣಗಿಸಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಐದು ಶತಮಾನಗಳ ಕಥೆಯಿಂದ ನನಗೆ ತಿಳಿದದ್ದು ಇಷ್ಟು. ಬಟ್ಟೆಯ ಹಣವನ್ನು ಎಲ್ಲರ ಪರವಾಗಿ ಒಬ್ಬರು ಕೊಟ್ಟಾಗ ಮಾತ್ರ ಸಮವಸ್ತ್ರ ನಿಜವಾಗಿ ಸಮ. ಅವರವರೇ ಕೊಳ್ಳಲಿ ಎಂದಾಗ, ಮಾನ ಮುಚ್ಚಬೇಕಾದ ಬಟ್ಟೆಯೇ ಬಡತನವನ್ನು ಬಯಲಿಗಿಡುತ್ತದೆ. ಬಡವರಿಗೆ ಮಾತ್ರ ಗುರುತು ಹಾಕಿ ಕೊಟ್ಟರೂ ಅಷ್ಟೆ. ಕ್ರೈಸ್ಟ್ಸ್ ಹಾಸ್ಪಿಟಲ್ 1902ರಲ್ಲಿ ಸಸೆಕ್ಸಿನ ಹಾರ್ಷಮ್‌ಗೆ ಹೋಯಿತು. ಅಲ್ಲಿ ಶುಲ್ಕ ಕೊಡುವವರೂ ಕೊಡದವರೂ ಒಟ್ಟಿಗೆ ಓದುತ್ತಾರೆ, ನೀಲಿ ಕೋಟು ಎಲ್ಲರಿಗೂ ಶಾಲೆಯದೇ. ಬಡತನದ ಗುರುತಾಗಿದ್ದ ಅದೇ ಕೋಟನ್ನು ಮಕ್ಕಳು ಇಂದು ಹೆಮ್ಮೆಯಿಂದ ತೊಡುತ್ತಾರೆ.

ಕಾನೂನು ಮಾಡುವುದು ನಮ್ಮ ಕೈಯಲ್ಲಿಲ್ಲ. ಆದರೆ ನಮ್ಮಲ್ಲೂ ಹೊಸದಾಗಿ ಬಂದು ಒಂದೇ ಸಂಬಳದಲ್ಲಿ ಸಂಸಾರ ತೂಗಿಸುವವರು ಇದ್ದಾರೆ, ಓದುತ್ತ ಕೆಲಸ ಮಾಡುವವರು ಇದ್ದಾರೆ. ಅವರು ಬಾಯಿಬಿಟ್ಟು ಕೇಳುವವರಲ್ಲ. ಮುಂದಿನ ಬೇಸಿಗೆಯ ಕೂಟಕ್ಕೆ ನಿಮ್ಮ ಮಕ್ಕಳಿಗೆ ಚಿಕ್ಕದಾದ ಪ್ಯಾಂಟು, ಅಂಗಿ, ಬ್ಲೇಜರುಗಳನ್ನು ಒಗೆದು, ಗುಂಡಿ ಹಾಕಿಸಿ ತನ್ನಿ. ಒಂದು ಮೇಜಿನ ಮೇಲಿಡೋಣ. ಹೆಸರು ಬರೆಯುವ ಪುಸ್ತಕ ಬೇಡ, ಮುದ್ರೆ ಬೇಡ, ವಂದನಾರ್ಪಣೆಯೂ ಬೇಡ. ಬೇಕಾದವರು ಬೇಕಾದ್ದನ್ನು ಆರಿಸಿಕೊಳ್ಳಲಿ. ಇಲ್ಲದವರೇ ತೆಗೆದುಕೊಂಡರು ಎಂದಾಗದಂತೆ ಇದ್ದವರೂ ಒಂದೊಂದು ತೆಗೆದುಕೊಳ್ಳೋಣ. ನಾನಂತೂ ನನ್ನ ಮೊಮ್ಮಗನಿಗೆ ಅಲ್ಲಿಂದಲೇ ಒಂದು ಅಂಗಿ ಆರಿಸುವವನಿದ್ದೇನೆ, ಸ್ವಲ್ಪ ದೊಡ್ಡದನ್ನೇ.