ನಿಧಾನವೇ ಪ್ರಧಾನ: ಹೊಸದಾಗಿ ಓಡಲು ಹೊರಟವರ ಚರಿತ್ರೆ

ಜನವರಿಯ ಮೊದಲ ವಾರಗಳಲ್ಲಿ ಇಂಗ್ಲೆಂಡಿನ ಯಾವ ಊರಿನ ಉದ್ಯಾನಕ್ಕೆ ಹೋದರೂ ಒಂದು ಬಗೆಯ ಜನ ನಮ್ಮ ಕಣ್ಣಿಗೆ ಬೀಳುತ್ತಾರೆ. ಕಾಲಲ್ಲಿ ಹೊಚ್ಚಹೊಸ ಷೂ, ಕಿವಿಯಲ್ಲಿ ಇಯರ್‌ಫೋನ್. ಒಂದು ನಿಮಿಷ ಓಡುತ್ತಾರೆ, ಒಂದೂವರೆ ನಿಮಿಷ ನಡೆಯುತ್ತಾರೆ, ಮತ್ತೆ ಓಡುತ್ತಾರೆ. ಅವರಲ್ಲಿ ಐವತ್ತು ದಾಟಿದವರಿರುತ್ತಾರೆ, ಮಕ್ಕಳನ್ನು ಶಾಲೆಗೆ ಬಿಟ್ಟು ಬಂದ ತಾಯಂದಿರಿರುತ್ತಾರೆ. ಏದುಸಿರು ಬಿಡುತ್ತಿರುವ ಅವರನ್ನು ಯಾರೂ ತಿರುಗಿ ನೋಡುವುದಿಲ್ಲ. ಅಷ್ಟು ಸಹಜವಾದ ದೃಶ್ಯವದು.

ಈ ಸಹಜತೆಗೆ ಇನ್ನೂ ಎಪ್ಪತ್ತು ವರ್ಷ ತುಂಬಿಲ್ಲ. ವೇಗವಿಲ್ಲದ, ಅಭ್ಯಾಸವಿಲ್ಲದ, ಗೆಲ್ಲುವ ಆಸೆಯೂ ಇಲ್ಲದ ಒಬ್ಬ ವಯಸ್ಕ ಸಾರ್ವಜನಿಕವಾಗಿ ನಿಧಾನವಾಗಿ ಓಡಬಹುದು ಎಂಬ ವಿಚಾರವನ್ನು ಕೆಲವರು ಹುಟ್ಟುಹಾಕಬೇಕಾಯಿತು, ಹಲವರು ಅದಕ್ಕಾಗಿ ನಗೆಪಾಟಲಿಗೀಡಾಗಬೇಕಾಯಿತು. ಆ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಲು ಹೊರಟಿದ್ದೇವೆ. ಈ ದೇಶದಲ್ಲಿ ನೆಲೆಸಿರುವ ನಮ್ಮ ಸಮುದಾಯಕ್ಕೆ ಅದು ಕೇವಲ ಕುತೂಹಲದ ಸಂಗತಿಯಲ್ಲವೆಂಬುದು ಲೇಖನದ ಕೊನೆಗೆ ಸ್ಪಷ್ಟವಾದೀತು.

ಓಟ ಯಾರದ್ದಾಗಿತ್ತು?

ಬಹುಕಾಲ ಓಟವೆಂಬುದು ಊಳಿಗದ ಕೆಲಸವಾಗಿತ್ತು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಶ್ರೀಮಂತರ ಸಾರೋಟಿನ ಮುಂದೆ ಓಡುವುದಕ್ಕೆಂದೇ ಆಳುಗಳಿದ್ದರು. ಒಡೆಯರು ಅವರ ಓಟದ ಮೇಲೆ ಪಂದ್ಯ ಕಟ್ಟುತ್ತಿದ್ದರು. ಲಂಡನ್ನಿನ ಮೇಫೇರ್‌ನಲ್ಲಿ ಅಂಥ ಆಳಿನ ನೆನಪನ್ನು ಹೆಸರಿನಲ್ಲಿ ಉಳಿಸಿಕೊಂಡ ಪಬ್ ಒಂದಿದೆ. ನಮ್ಮ ನಾಡಿನಲ್ಲಿಯೂ ಪರಿಸ್ಥಿತಿ ಭಿನ್ನವಾಗಿರಲಿಲ್ಲ. ಚಿಕ್ಕದೇವರಾಜ ಒಡೆಯರು 1672ರಲ್ಲಿ ಆರಂಭಿಸಿದ ಮೈಸೂರಿನ ಅಂಚೆ ವ್ಯವಸ್ಥೆ ನಡೆದದ್ದು ಓಲೆ ಹೊತ್ತು ಸಾಗುವ ಜನರ ಕಾಲಿನ ಮೇಲೆ. ಸುದ್ದಿ ಒಯ್ಯುವವನನ್ನು ಹರಿಕಾರನೆಂದು ಕರೆಯುತ್ತಿದ್ದರು. ಇಂದು ನಾವು ಹೊಸ ದಾರಿ ತೆರೆದವರನ್ನು ಗೌರವದಿಂದ 'ಹರಿಕಾರ' ಎನ್ನುವಾಗ, ಆ ಪದದೊಳಗೆ ಧೂಳು ಮೆತ್ತಿದ ಕಾಲುಗಳಿವೆ ಎಂಬುದನ್ನು ಮರೆತಿರುತ್ತೇವೆ.

ಆಮೇಲೆ ಓಟ ಪ್ರತಿಭಾವಂತರ ಕ್ರೀಡೆಯಾಯಿತು. ಅಲ್ಲಿಯೂ ಕನ್ನಡ ನೆಲದ ಹೆಸರೊಂದಿದೆ. ಪುಣೆಯ ಡೆಕ್ಕನ್ ಜಿಮ್‌ಖಾನಾದ ಕೂಟದಲ್ಲಿ ಹಳ್ಳಿಗಾಡಿನ ಯುವಕರು ಬರಿಗಾಲಿನಲ್ಲಿ ಓಡಿದ್ದನ್ನು ಕಂಡು ಬೆರಗಾದ ದೊರಾಬ್ಜಿ ಟಾಟಾ, 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಭಾರತದ ತಂಡವೊಂದನ್ನು ಕಳುಹಿಸಲು ಮುಂದಾದರು. ಆ ತಂಡದಲ್ಲಿದ್ದ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಅಲ್ಲಿನ ಮ್ಯಾರಥಾನ್ ಓಟವನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ ಹತ್ತೊಂಬತ್ತನೆಯವರಾದರು. ಆ ವರ್ಷದ ಮ್ಯಾರಥಾನ್ ಇಂದಿನದಕ್ಕಿಂತ ಅರ್ಧ ಕಿಲೋಮೀಟರಿನಷ್ಟು ದೀರ್ಘವಾಗಿತ್ತು. ಹೆಮ್ಮೆಪಡಬೇಕಾದ ಸಾಧನೆಯಿದು. ಆದರೆ ಆ ಕಾಲದ ಬೆಳಗಾವಿಯಲ್ಲಾಗಲಿ ಲಂಡನ್ನಿನಲ್ಲಾಗಲಿ ನಲವತ್ತು ದಾಟಿದ ಗುಮಾಸ್ತನೊಬ್ಬ ಆರೋಗ್ಯಕ್ಕಾಗಿ ರಸ್ತೆಯಲ್ಲಿ ಓಡಿದ್ದರೆ, ಏನು ಅವಘಡವಾಯಿತೋ ಎಂದು ಜನ ವಿಚಾರಿಸುತ್ತಿದ್ದರು.

ಬಸ್ಸಿನ ಮೆಟ್ಟಿಲು ಹೇಳಿದ ಸತ್ಯ

ಸಾಮಾನ್ಯರಿಗೂ ಶ್ರಮ ಬೇಕು ಎಂಬುದಕ್ಕೆ ವಿಜ್ಞಾನದ ಆಧಾರ ಸಿಕ್ಕಿದ್ದು ಲಂಡನ್ನಿನ ಎರಡು ಅಂತಸ್ತಿನ ಕೆಂಪು ಬಸ್ಸುಗಳಲ್ಲಿ. ಎರಡನೆಯ ಮಹಾಯುದ್ಧದ ನಂತರ ಹೃದಯಾಘಾತಗಳು ಹೆಚ್ಚುತ್ತಿದ್ದಾಗ, ಅದರ ಕಾರಣ ಹುಡುಕುತ್ತಿದ್ದ ವೈದ್ಯ ಜೆರ್ರಿ ಮಾರಿಸ್ ಅವರು ಲಂಡನ್ ಸಾರಿಗೆಯ ಸುಮಾರು 31,000 ನೌಕರರ ದಾಖಲೆಗಳನ್ನು ಪರಿಶೀಲಿಸಿದರು. ಡ್ರೈವರ್ ಮತ್ತು ಕಂಡಕ್ಟರ್ ಇಬ್ಬರದೂ ಒಂದೇ ಬಸ್ಸು, ಹೆಚ್ಚುಕಡಿಮೆ ಒಂದೇ ಬಗೆಯ ಮನೆತನ. ಡ್ರೈವರು ದಿನವಿಡೀ ಕುಳಿತಿರುತ್ತಿದ್ದ. ಕಂಡಕ್ಟರು ಟಿಕೆಟ್ ಕೊಡುತ್ತಾ ದಿನಕ್ಕೆ ಸುಮಾರು ಆರುನೂರು ಮೆಟ್ಟಿಲು ಹತ್ತುತ್ತಿದ್ದ. ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆಯಿತ್ತು. ಬಂದಾಗಲೂ ಅದು ತಡವಾಗಿ, ಸೌಮ್ಯವಾಗಿ ಬರುತ್ತಿತ್ತು. 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಅನೇಕರು ಮೊದಲು ನಂಬಲಿಲ್ಲ. ಮಾರಿಸ್ ತಾವು ಕಂಡದ್ದನ್ನು ತಾವೇ ಪಾಲಿಸಿದರು. ಹ್ಯಾಂಪ್‌ಸ್ಟೆಡ್ ಹೀತ್‌ನಲ್ಲಿ ಓಡುತ್ತಿದ್ದ ಅವರನ್ನು ಜನ ಹುಚ್ಚನೆಂಬಂತೆ ನೋಡುತ್ತಿದ್ದರಂತೆ. ಅವರು 99 ವರ್ಷ ಬದುಕಿ 2009ರಲ್ಲಿ ತೀರಿಕೊಂಡರು.

ಆಕ್ಲೆಂಡಿನಲ್ಲಿ ಒಂದು ಹೊಸ ಪಾಠ

ಓಡಬೇಕೆಂದು ಹೇಳುವುದು ಸುಲಭ. ಅಭ್ಯಾಸವೇ ಇಲ್ಲದವರು ಹೇಗೆ ಓಡಬೇಕೆಂದು ಕಲಿಸುವುದು ಕಷ್ಟ. ಆ ವಿದ್ಯೆ ರೂಪುಗೊಂಡದ್ದು ನ್ಯೂಜಿಲೆಂಡಿನಲ್ಲಿ. ಆಕ್ಲೆಂಡಿನ ಷೂ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಆರ್ಥರ್ ಲಿಡಿಯಾರ್ಡ್ ತಮ್ಮನ್ನು ಗಟ್ಟಿಮುಟ್ಟಾದ ಆಳೆಂದು ಭಾವಿಸಿದ್ದರು. ಇಪ್ಪತ್ತೇಳರ ಆಸುಪಾಸಿನಲ್ಲಿ ಗೆಳೆಯನೊಬ್ಬನೊಡನೆ ಐದು ಮೈಲಿ ಓಡಿದಾಗ ದಮ್ಮು ಹತ್ತಿ ಸೋತುಹೋದರು. ಈಗಲೇ ಹೀಗಾದರೆ ನಲವತ್ತೇಳಕ್ಕೆ ನನ್ನ ಗತಿಯೇನು ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ವರ್ಷಗಟ್ಟಲೆ ತಮ್ಮ ದೇಹದ ಮೇಲೆಯೇ ಪ್ರಯೋಗ ನಡೆಸಿ ಒಂದು ಕ್ರಮವನ್ನು ಕಂಡುಕೊಂಡರು: ಮೊದಲು ನಿಧಾನವಾಗಿ, ಬಹಳ ದೂರ, ವೇಗ ಆಮೇಲೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರ ಶಿಷ್ಯರಾದ ಪೀಟರ್ ಸ್ನೆಲ್ ಮತ್ತು ಮರ್ರೆ ಹಾಲ್‌ಬರ್ಗ್ ಒಂದೇ ದಿನ ಚಿನ್ನ ಗೆದ್ದಾಗ ಜಗತ್ತು ಲಿಡಿಯಾರ್ಡರ ಕಡೆ ನೋಡಿತು.

ನಮ್ಮ ಕಥೆಗೆ ಮುಖ್ಯವಾದದ್ದು ಆಮೇಲಿನ ಘಟನೆ. ಲಿಡಿಯಾರ್ಡ್ ಅದೇ ಕ್ರಮವನ್ನು ಸ್ಥೂಲಕಾಯದ ವ್ಯಾಪಾರಿಗಳಿಗೂ ಹೃದಯಾಘಾತದಿಂದ ಚೇತರಿಸಿಕೊಂಡವರಿಗೂ ಕಲಿಸತೊಡಗಿದರು. 1962ರಲ್ಲಿ ಆಕ್ಲೆಂಡ್ ಜಾಗರ್ಸ್ ಕ್ಲಬ್ ಹುಟ್ಟಿತು. ಆ ವರ್ಷದ ಕೊನೆಯಲ್ಲಿ ಅಮೆರಿಕದ ಆರಿಗನ್ ವಿಶ್ವವಿದ್ಯಾಲಯದ ತರಬೇತುದಾರ ಬಿಲ್ ಬೋವರ್‌ಮನ್ ಅಲ್ಲಿಗೆ ಅತಿಥಿಯಾಗಿ ಬಂದರು. ಐವತ್ತೊಂದು ವರ್ಷದ ಅವರು ಭಾನುವಾರದ ಓಟಕ್ಕೆ ಉತ್ಸಾಹದಿಂದ ಇಳಿದು ಅರ್ಧ ದಾರಿಯಲ್ಲೇ ಬಸವಳಿದರು. ಆಗ ಹೃದಯಾಘಾತಗಳನ್ನು ಕಂಡಿದ್ದ, ಎಪ್ಪತ್ತು ದಾಟಿದ ಹಿರಿಯರೊಬ್ಬರು ಅತಿಥಿಗೆ ಜೊತೆಯಾಗಲೆಂದು ತಮ್ಮ ವೇಗವನ್ನು ತಗ್ಗಿಸಿ, ದಾರಿಯುದ್ದಕ್ಕೂ ಮಾತನಾಡುತ್ತಾ ಬಂದರು. ಉತ್ತರ ಕೊಡಲು ಬೋವರ್‌ಮನ್ನರಿಗೆ ಉಸಿರಿರಲಿಲ್ಲ. ಒಲಿಂಪಿಕ್ ಓಟಗಾರರನ್ನು ತಯಾರು ಮಾಡಿದ ಗುರು, ತಾನು ಇನ್ನೂ ಅಕ್ಷರಾಭ್ಯಾಸದ ವಿದ್ಯಾರ್ಥಿ ಎಂಬುದನ್ನು ಅಲ್ಲಿ ಅರಿತರು.

ಊರಿಗೆ ಮರಳಿದ ಬೋವರ್‌ಮನ್ 1963ರಲ್ಲಿ ಯೂಜೀನ್ ನಗರದ ಜನರನ್ನು ಓಟದ ಅಂಗಳಕ್ಕೆ ಕರೆದರು. ಕೆಲವೇ ವಾರಗಳಲ್ಲಿ ಜನ ಎಷ್ಟು ನೆರೆದರೆಂದರೆ, ಯಾರಿಗೆ ಏನಾಗುವುದೋ ಎಂದು ಭಯಪಟ್ಟು ಅವರೇ ಅದನ್ನು ನಿಲ್ಲಿಸಿ, ವಾಲ್ಡೊ ಹ್ಯಾರಿಸ್ ಎಂಬ ಹೃದ್ರೋಗ ತಜ್ಞರನ್ನು ಜೊತೆಗೂಡಿಸಿಕೊಂಡು ಕ್ರಮಬದ್ಧ ಪ್ರಯೋಗ ನಡೆಸಿದರು. ಅದರ ಫಲವಾಗಿ 1967ರಲ್ಲಿ 'ಜಾಗಿಂಗ್' ಎಂಬ ಪುಸ್ತಕ ಬಂತು. ಅದರ ತಿರುಳು ಒಂದೇ ಪರೀಕ್ಷೆ: ಓಡುವಾಗ ಪಕ್ಕದವರೊಡನೆ ಮಾತನಾಡಲು ಆಗುತ್ತಿದೆಯೇ? ಆಗದಿದ್ದರೆ ನಿಮ್ಮ ವೇಗ ಹೆಚ್ಚಾಯಿತು. ಓಟವೆಂದರೆ ದಣಿದು ಬೀಳುವುದೆಂಬ ನಂಬಿಕೆ ಇದರಿಂದ ತಲೆಕೆಳಗಾಯಿತು.

ನಗೆ, ತಡೆ ಮತ್ತು ಎಚ್ಚರಿಕೆ

ದಾರಿ ಸುಗಮವಾಗಿರಲಿಲ್ಲ. ಅರವತ್ತರ ದಶಕದ ಕೊನೆಯಲ್ಲಿ ಅಮೆರಿಕದ ರಸ್ತೆಗಳಲ್ಲಿ ಓಡುವವರನ್ನು ಪೊಲೀಸರು ತಡೆದು ಪ್ರಶ್ನಿಸಿದ ವರದಿಗಳಿವೆ. ಹಾಗೆ ನಿಲ್ಲಿಸಲ್ಪಟ್ಟವರಲ್ಲಿ ಒಬ್ಬ ಸೆನೆಟರ್ ಕೂಡ ಇದ್ದರು. ಸ್ತ್ರೀಯರ ಪಾಡು ಇನ್ನೂ ಕಠಿಣವಾಗಿತ್ತು. 1928ರ ಆಮ್‌ಸ್ಟರ್‌ಡಾಂ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಓಡಿದ ಮಹಿಳೆಯರು ಕುಸಿದುಬಿದ್ದರೆಂದು ಪತ್ರಿಕೆಗಳು ಉತ್ಪ್ರೇಕ್ಷಿಸಿ ಬರೆದದ್ದೇ ನೆಪವಾಗಿ, 1960ರವರೆಗೆ ಆ ಸ್ಪರ್ಧೆಯನ್ನೇ ಕೈಬಿಡಲಾಯಿತು. 1966ರಲ್ಲಿ ಬಾಬಿ ಗಿಬ್ ಪೊದೆಯ ಮರೆಯಲ್ಲಿ ಕಾದಿದ್ದು ಬಾಸ್ಟನ್ ಮ್ಯಾರಥಾನ್ ಸೇರಿಕೊಂಡರು. ಮರುವರ್ಷ ಕ್ಯಾಥ್ರಿನ್ ಸ್ವಿಟ್ಜರ್ 261ನೆಯ ಸಂಖ್ಯೆ ಧರಿಸಿ ಓಡುತ್ತಿದ್ದಾಗ ಅಧಿಕಾರಿಯೊಬ್ಬರು ಮೈಮೇಲೆರಗಿ ಆ ಸಂಖ್ಯೆಯನ್ನು ಕಿತ್ತುಹಾಕಲು ಯತ್ನಿಸಿದರು. ಸ್ತ್ರೀಯರಿಗೆ ಆ ಓಟದಲ್ಲಿ ಅಧಿಕೃತ ಪ್ರವೇಶ ದೊರೆತದ್ದು 1972ರಲ್ಲಿ.

ಅತಿಯಾದ ನಂಬಿಕೆಗೂ ಪೆಟ್ಟು ಬಿತ್ತು. 1977ರಲ್ಲಿ ಬಂದ ಜಿಮ್ ಫಿಕ್ಸ್ ಅವರ ಓಟದ ಪುಸ್ತಕ ಲಕ್ಷಾಂತರ ಜನರನ್ನು ಬೀದಿಗಿಳಿಸಿತು. ಅದೇ ಫಿಕ್ಸ್ 1984ರಲ್ಲಿ, ತಮ್ಮ 52ನೆಯ ವಯಸ್ಸಿನಲ್ಲಿ, ಓಡುತ್ತಿರುವಾಗಲೇ ಹೃದಯಾಘಾತದಿಂದ ತೀರಿಕೊಂಡರು. ಅವರ ತಂದೆ ನಲವತ್ತಮೂರಕ್ಕೇ ಹೃದ್ರೋಗಕ್ಕೆ ಬಲಿಯಾಗಿದ್ದರು. ಫಿಕ್ಸ್ ಸ್ವತಃ ಮೂವತ್ತೈದರವರೆಗೆ ಸಿಗರೇಟು ಸೇದುತ್ತಿದ್ದ ದಢೂತಿ ಮನುಷ್ಯರಾಗಿದ್ದರು. ಓಟ ನಿಷ್ಪ್ರಯೋಜಕವೆಂದು ಹಲವರು ಆಗ ತೀರ್ಮಾನಿಸಿದರು. ಸರಿಯಾದ ಪಾಠ ಬೇರೆಯಾಗಿತ್ತು: ಮನೆತನದಲ್ಲಿ ಹೃದ್ರೋಗವಿದ್ದರೆ ಓಟದ ಜೊತೆಗೆ ವೈದ್ಯರ ತಪಾಸಣೆಯೂ ಬೇಕು.

ಒಂಬತ್ತು ವಾರಗಳ ಸೂತ್ರ

ಬ್ರಿಟನ್ನಿನಲ್ಲಿ 1981ರ ಮಾರ್ಚ್ 29ರಂದು ನಡೆದ ಮೊದಲ ಲಂಡನ್ ಮ್ಯಾರಥಾನ್ ಸಾಮಾನ್ಯರ ಓಟಕ್ಕೆ ದೊಡ್ಡ ವೇದಿಕೆ ಒದಗಿಸಿತು. ಅಂದು 6,255 ಮಂದಿ ಗುರಿ ಮುಟ್ಟಿದರು. ಮೊದಲಿಬ್ಬರು ಕೈಕೈ ಹಿಡಿದು ಒಟ್ಟಿಗೇ ಗೆರೆ ದಾಟಿದರು. ಆದರೂ ಮ್ಯಾರಥಾನ್ ಎಂಬುದು ಸೋಫಾದ ಮೇಲೆ ಕುಳಿತವರಿಗೆ ಬಹಳ ದೂರದ ಮಾತು.

ಆ ದೂರವನ್ನು ತಗ್ಗಿಸಿದವರು ಅಮೆರಿಕದ ಜಾಶ್ ಕ್ಲಾರ್ಕ್. ಇಪ್ಪತ್ತೈದರ ಈ ಯುವಕ 1996ರಲ್ಲಿ ತನ್ನ ತಾಯಿಗೂ ಓಟದ ರುಚಿ ಹತ್ತಿಸಬೇಕೆಂದು ಒಂಬತ್ತು ವಾರಗಳ ಕ್ರಮವೊಂದನ್ನು ರಚಿಸಿದರು. ವಾರಕ್ಕೆ ಮೂರೇ ದಿನ. ಮೊದಲ ವಾರ ಐದು ನಿಮಿಷ ಬಿರುಸಿನ ನಡಿಗೆ. ಬಳಿಕ ಇಪ್ಪತ್ತು ನಿಮಿಷಗಳ ಕಾಲ, 60 ಸೆಕೆಂಡು ಓಟಕ್ಕೆ 90 ಸೆಕೆಂಡು ನಡಿಗೆ. ವಾರದಿಂದ ವಾರಕ್ಕೆ ಓಟ ಬೆಳೆಯುತ್ತದೆ, ನಡಿಗೆ ಕರಗುತ್ತದೆ. ಐದನೆಯ ವಾರದ ಕೊನೆಗೆ ಇಪ್ಪತ್ತು ನಿಮಿಷ ತಡೆಯಿಲ್ಲದ ಓಟ. ಒಂಬತ್ತನೆಯ ವಾರಕ್ಕೆ ಮೂವತ್ತು ನಿಮಿಷ. ನಡುವಿನ ಬಿಡುವಿನ ದಿನಗಳೂ ಅಭ್ಯಾಸದ ಭಾಗವೇ. ಏಕೆಂದರೆ ಶ್ವಾಸಕೋಶ ಮತ್ತು ಹೃದಯ ಬೇಗನೆ ಒಗ್ಗಿಕೊಳ್ಳುತ್ತವೆ. ಮೂಳೆ, ಮಂಡಿ, ಸ್ನಾಯುಬಂಧಗಳಿಗೆ ಹೆಚ್ಚು ಕಾಲ ಬೇಕು. 'ಕೌಚ್ ಟು ಫೈವ್ ಕೆ' ಎಂದು ಪ್ರಸಿದ್ಧವಾದ ಈ ಕ್ರಮವನ್ನು ಮುಂದೆ ನಮ್ಮ ಎನ್‌ಎಚ್‌ಎಸ್ ತನ್ನದಾಗಿಸಿಕೊಂಡು ಉಚಿತವಾಗಿ ಹಂಚಿತು. ಜನವರಿಯಲ್ಲಿ ನಾವು ಕಾಣುವ ಆ ಇಯರ್‌ಫೋನುಗಳಲ್ಲಿ ಕೇಳಿಬರುವುದು ಬಹುಪಾಲು ಅದರದೇ ದನಿ.

ಇನ್ನೊಂದು ಹೆಜ್ಜೆ ಉಳಿದಿತ್ತು: ಹೊಸಬರಿಗೆ ಜೊತೆ. 2004ರ ಅಕ್ಟೋಬರ್ 2ರಂದು ಲಂಡನ್ ಬಳಿಯ ಬುಷಿ ಪಾರ್ಕಿನಲ್ಲಿ, ಗಾಯದಿಂದಾಗಿ ತಾವು ಓಡಲಾಗದಿದ್ದ ಪಾಲ್ ಸಿಂಟನ್-ಹ್ಯೂಯಿಟ್ ಗೆಳೆಯರನ್ನು ಸೇರಿಸಿ ಐದು ಕಿಲೋಮೀಟರ್ ಓಟವೊಂದನ್ನು ನಡೆಸಿದರು. ಓಡಿದವರು ಹದಿಮೂರು ಜನ. ಅದೇ ಇಂದಿನ 'ಪಾರ್ಕ್‌ರನ್'. ಶುಲ್ಕವಿಲ್ಲ, ಶನಿವಾರ ಬೆಳಗ್ಗೆ ನಡೆಸಿಕೊಡುವವರೆಲ್ಲ ಸ್ವಯಂಸೇವಕರು. ಎಲ್ಲರಿಗಿಂತ ಹಿಂದೆ ನಡೆದು ಬರಲೆಂದೇ ಒಬ್ಬ ಸ್ವಯಂಸೇವಕರಿರುವುದರಿಂದ ಕೊನೆಯವರಾಗುವ ಭಯ ಯಾರಿಗೂ ಇಲ್ಲ. ಆರಂಭದ ವರ್ಷಗಳಲ್ಲಿ ಇಲ್ಲಿ ಸರಾಸರಿ ಸಮಯ ಸುಮಾರು 22 ನಿಮಿಷವಿತ್ತು; ಮುಂದೆ ಅದು 30 ನಿಮಿಷವನ್ನು ದಾಟಿತು. ವರ್ಷದಿಂದ ವರ್ಷಕ್ಕೆ ತಮ್ಮ ಓಟ ನಿಧಾನವಾಗುತ್ತಿದೆಯೆಂದು ಹೆಮ್ಮೆಪಟ್ಟುಕೊಂಡ ಕ್ರೀಡಾ ಸಂಸ್ಥೆ ಇನ್ನೊಂದಿರಲಾರದು. ನಿಧಾನವಾದವರು ಒಳಗೆ ಬಂದರು ಎಂಬುದೇ ಆ ಅಂಕಿಯ ಅರ್ಥ. 2018ರಿಂದ ಇಲ್ಲಿನ ಜಿ.ಪಿ. ವೈದ್ಯಾಲಯಗಳೂ ರೋಗಿಗಳನ್ನು ಅಲ್ಲಿಗೆ ಕಳುಹಿಸತೊಡಗಿವೆ.

ಈ ಚರಿತ್ರೆ ನಮಗೇಕೆ?

ದಕ್ಷಿಣ ಏಷ್ಯಾ ಮೂಲದ ನಮ್ಮಲ್ಲಿ ಹೃದ್ರೋಗವೂ ಸಕ್ಕರೆ ಕಾಯಿಲೆಯೂ ಇಲ್ಲಿನ ಬಿಳಿಯರಿಗಿಂತ ಹೆಚ್ಚು, ಮತ್ತು ಕಿರಿಯ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತವೆ. ನಮ್ಮ ಕೊಬ್ಬು ಹೊಟ್ಟೆಯ ಸುತ್ತ ಸೇರುವುದು ಇದಕ್ಕೊಂದು ಕಾರಣವೆಂದು ಲಂಡನ್ನಿನ ಸೌತಾಲ್‌ನಲ್ಲಿ ನಡೆದ ಅಧ್ಯಯನ 1991ರಲ್ಲೇ ತೋರಿಸಿತ್ತು. ಆದ್ದರಿಂದಲೇ ಇಲ್ಲಿನ ವೈದ್ಯರು ದೇಹತೂಕದ ಸೂಚ್ಯಂಕದಲ್ಲಿ ಇತರರಿಗೆ 25 ಎಂದಿರುವ ಎಚ್ಚರಿಕೆಯ ಗೆರೆಯನ್ನು ನಮಗೆ 23ಕ್ಕೇ ಎಳೆಯುತ್ತಾರೆ. ನಮ್ಮಲ್ಲಿ ಬಹುತೇಕರು ಮಾಡುವುದು ಪರದೆಯ ಮುಂದೆ ಕುಳಿತ ಕೆಲಸ. ಮಾರಿಸ್ ಅವರ ಭಾಷೆಯಲ್ಲಿ ಹೇಳುವುದಾದರೆ ನಾವೆಲ್ಲ ಡ್ರೈವರುಗಳು, ಕಂಡಕ್ಟರುಗಳಲ್ಲ.

ನಮ್ಮನ್ನು ತಡೆಯುವುದು ಹಲವು ಸಲ ಸಂಕೋಚ. ಈ ವಯಸ್ಸಿನಲ್ಲಿ ನೋಡಿದವರು ಏನೆಂದಾರು ಎಂಬ ಮಾತು ನಮ್ಮ ಮನೆಗಳಲ್ಲಿ ಹೊಸದಲ್ಲ. ಅದಕ್ಕೆ ಉತ್ತರ ಪೂರ್ವ ಲಂಡನ್ನಿನಲ್ಲಿ ಮಗನ ಮನೆಯಲ್ಲಿದ್ದ ಪಂಜಾಬಿನ ರೈತ ಫೌಜಾ ಸಿಂಗ್ ಅವರ ಬದುಕಿನಲ್ಲಿದೆ. ಹೆಂಡತಿಯನ್ನೂ ಮಗನೊಬ್ಬನನ್ನೂ ಕಳೆದುಕೊಂಡ ದುಃಖದಲ್ಲಿ ಅವರು ಇಳಿವಯಸ್ಸಿನಲ್ಲಿ ಓಟದತ್ತ ಹೊರಳಿದರು. 2000ದಲ್ಲಿ, 89ನೆಯ ವಯಸ್ಸಿನಲ್ಲಿ, ಲಂಡನ್ ಮ್ಯಾರಥಾನನ್ನು ಸುಮಾರು ಏಳು ಗಂಟೆಗಳಲ್ಲಿ ಮುಗಿಸಿದರು. 2011ರಲ್ಲಿ ನೂರು ತುಂಬಿದ ಅವರು ಟೊರಾಂಟೊದಲ್ಲಿ ಎಂಟು ಗಂಟೆಗೂ ಹೆಚ್ಚು ಕಾಲ ತೆಗೆದುಕೊಂಡು ಗುರಿ ಮುಟ್ಟಿದರು. ಜನನಪತ್ರವಿಲ್ಲದ್ದರಿಂದ ಗಿನ್ನೆಸ್ ಅದನ್ನು ದಾಖಲಿಸಲಿಲ್ಲ. ಅವರ ಹೆಜ್ಜೆಗಳ ಬೆಲೆ ಅದರಿಂದ ಕುಂದಲಿಲ್ಲ.

ನಮ್ಮ ಬಳಗದಲ್ಲಿ ಈ ವರ್ಷ ಓಟವನ್ನು ಆರಂಭಿಸಬೇಕೆಂದಿರುವವರಿಗೆ ಚರಿತ್ರೆ ಹೇಳುವ ಮಾತುಗಳು ಸರಳವಾಗಿವೆ. ನಲವತ್ತು ದಾಟಿದ್ದರೆ, ಅಥವಾ ಮನೆತನದಲ್ಲಿ ಹೃದ್ರೋಗ, ಸಕ್ಕರೆ ಕಾಯಿಲೆಗಳಿದ್ದರೆ ಮೊದಲು ಜಿ.ಪಿ.ಯನ್ನು ಕಾಣಿರಿ. ಎದೆನೋವು ಅಥವಾ ತಲೆಸುತ್ತು ಬಂದರೆ ಕೂಡಲೇ ನಿಲ್ಲಿಸಿ ವೈದ್ಯರ ನೆರವು ಪಡೆಯಿರಿ. ಒಳ್ಳೆಯ ಷೂ ಒಂದನ್ನು ಬಿಟ್ಟರೆ ಬೇರೇನನ್ನೂ ಕೊಳ್ಳಬೇಕಾಗಿಲ್ಲ. ಒಂದು ನಿಮಿಷ ಓಡಿರಿ, ಒಂದೂವರೆ ನಿಮಿಷ ನಡೆಯಿರಿ. ಜೊತೆಗೆ ಒಬ್ಬರನ್ನು ಕರೆದೊಯ್ದು ದಾರಿಯುದ್ದಕ್ಕೂ ಕನ್ನಡದಲ್ಲಿ ಮಾತನಾಡಿರಿ. ಮಾತು ಕಡಿದರೆ ವೇಗ ತಗ್ಗಿಸಿರಿ. ಬೇಸಿಗೆಗೆ ಊರಿನಿಂದ ಬರುವ ಅಪ್ಪ ಅಮ್ಮಂದಿರನ್ನೂ ಶನಿವಾರದ ಉದ್ಯಾನಕ್ಕೆ ಕರೆತನ್ನಿರಿ. ಅವರು ನಡೆದರೂ ಸಾಕು. 'ನಿಧಾನವೇ ಪ್ರಧಾನ' ಎಂದು ನಮಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟವರು ಅವರೇ ಅಲ್ಲವೇ?