ಓಡಿದ್ರೆ ಕಾಯಿಲೆ ವಾಸಿ ಆಗ್ತದಾ?

ಶುಕ್ರವಾರ ಬೆಳಿಗ್ಗೆ ಐದೂವರೆಗೆ ಏಳೋದು ಅಂದ್ರೆ ಬಹ್ರೇನ್‌ನಲ್ಲಿ ದೊಡ್ಡ ತ್ಯಾಗ. ವಾರವೆಲ್ಲ ಕಂಪ್ಯೂಟರ್ ಮುಂದೆ ಕೂತು, ಗುರುವಾರ ರಾತ್ರಿ ಎರಡು ಗಂಟೆಯ ತನಕ ಸಿನಿಮಾ ನೋಡಿ ಮಲಗುವ ನನ್ನಂಥವನಿಗಂತೂ ಕೇಳಲೇಬೇಡಿ. ಆದ್ರೂ ಈ ಫೆಬ್ರವರಿಯ ಒಂದು ಶುಕ್ರವಾರ ಎದ್ದೆ. ಕ್ಯಾನ್ಸರ್ ಬಂದ ಮಕ್ಕಳ ಮನೆಯವರಿಗೆ ನೆರವಾಗಲಿ ಅಂತ ಸಮುದ್ರದಂಡೆಯಲ್ಲಿ ಐದು ಕಿಲೋಮೀಟರ್ ಓಟ ಇಟ್ಟಿದ್ದರು. ನಮ್ಮ ಬಿಲ್ಡಿಂಗಿನಲ್ಲೇ ಇರುವ, ಉಡುಪಿ ಕಡೆಯ ಹಿರಿಯರೊಬ್ಬರನ್ನೂ ಎಳೆದುಕೊಂಡು ಹೋಗಿದ್ದೆ. ಮೂವತ್ತು ವರ್ಷಕ್ಕೂ ಮೇಲಾಯ್ತು ಅವರು ಈ ದ್ವೀಪಕ್ಕೆ ಬಂದು. ನಂಬರ್ ಚೀಟಿಯನ್ನು ಟೀ ಶರ್ಟಿಗೆ ಪಿನ್ ಮಾಡಿಕೊಳ್ಳುತ್ತಾ ಕೇಳಿದರು:

"ಅಲ್ಲ ಮಾರಾಯಾ, ನಾವು ಓಡಿದ್ರೆ ಆ ಮಕ್ಕಳ ಕಾಯಿಲೆ ವಾಸಿ ಆಗ್ತದಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ಮೊದಲು ಓಡೋಣ ಅಂಕಲ್, ಆಮೇಲೆ ಹೇಳ್ತೀನಿ" ಅಂತ ಜಾರಿಕೊಂಡೆ. ಮನೆಗೆ ಬಂದು ಹುಡುಕಿ ಓದಿದಾಗ ಗೊತ್ತಾಗಿದ್ದು, ಈ ಪ್ರಶ್ನೆಯ ಹಿಂದೆ ಎಪ್ಪತ್ತೈದು ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ ಅಂತ. ಅದರ ಆರಂಭದಲ್ಲೇ ನಮ್ಮ ಪಕ್ಕದ ರಾಜ್ಯದ ಒಬ್ಬರು ನಿಂತಿದ್ದಾರೆ!

1947ರ ತನಕ ಮಕ್ಕಳಿಗೆ ರಕ್ತದ ಕ್ಯಾನ್ಸರ್, ಅಂದ್ರೆ ಲುಕೇಮಿಯಾ, ಬಂತು ಅಂದ್ರೆ ಮುಗೀತು ಅಂತಲೇ ಅರ್ಥ. ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು. ಆ ವರ್ಷದ ಕೊನೆಯಲ್ಲಿ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಡಾಕ್ಟರ್ ಸಿಡ್ನಿ ಫಾರ್ಬರ್ ಅಮಿನಾಪ್ಟೆರಿನ್ ಅನ್ನುವ ಔಷಧಿಯನ್ನು ಪ್ರಯೋಗಿಸಿ ನೋಡಿದರು. ಹದಿನಾರು ಮಕ್ಕಳಲ್ಲಿ ಹತ್ತು ಮಕ್ಕಳು ಚೇತರಿಸಿಕೊಂಡರು. ಅದು ತಾತ್ಕಾಲಿಕ ಅನ್ನೋದು ನಿಜ, ಕಾಯಿಲೆ ಮರಳಿ ಬಂತು. ಆದ್ರೂ ಲುಕೇಮಿಯಾವನ್ನು ಔಷಧಿಯಿಂದ ಹಿಮ್ಮೆಟ್ಟಿಸಬಹುದು ಅಂತ ತೋರಿಸಿದ ಆ ವರದಿ ಅಚ್ಚಾಗಿದ್ದು 1948ರ ಜೂನ್ ತಿಂಗಳಲ್ಲಿ.

ಔಷಧಿ ಬಂದಿದ್ದು ಲೆಡರ್ಲಿ ಕಂಪನಿಯ ಪ್ರಯೋಗಾಲಯದಿಂದ. ಅಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. 1920ರ ದಶಕದ ಆರಂಭದಲ್ಲಿ ಬಸುರಿ ಹೆಂಡತಿಯನ್ನು ಊರಲ್ಲಿ ಬಿಟ್ಟು ಅಮೆರಿಕಾಕ್ಕೆ ಹೋದವರು. ಆಮೇಲೆ ಹುಟ್ಟಿದ ಮಗ ಶೈಶವದಲ್ಲೇ ತೀರಿಕೊಂಡಿತು. ಅಪ್ಪ ಮಗುವಿನ ಮುಖ ನೋಡಲೇ ಇಲ್ಲ. ಮತ್ತೆ ಯಾವತ್ತೂ ಅವರು ಭಾರತಕ್ಕೆ ಮರಳಲೂ ಇಲ್ಲ. ಫಾರ್ಬರ್ ವರದಿ ಬಂದ ಎರಡೇ ತಿಂಗಳಿಗೆ, 1948ರ ಆಗಸ್ಟ್‌ನಲ್ಲಿ, ಅವರೂ ಹೋಗಿಬಿಟ್ಟರು. ಪರದೇಶದಲ್ಲಿ ಕೂತು ಇದನ್ನು ಓದುವಾಗ ಗಂಟಲು ಕಟ್ಟಿದ್ದು ಸುಳ್ಳಲ್ಲ.

ಸರಿ, ಔಷಧಿ ಸಿಕ್ಕಿತು. ದುಡ್ಡು? ಅದೇ 1948ರ ಮೇ 22ರಂದು ಅಮೆರಿಕಾದ ಒಂದು ರೇಡಿಯೋ ಕಾರ್ಯಕ್ರಮದಲ್ಲಿ ಹನ್ನೆರಡು ವರ್ಷದ ಕ್ಯಾನ್ಸರ್ ರೋಗಿಯೊಬ್ಬ ಆಸ್ಪತ್ರೆಯ ಹಾಸಿಗೆಯಿಂದಲೇ ಮಾತಾಡಿದ. ಅವನ ಗುರುತು ಬಿಟ್ಟುಕೊಡಬಾರದು ಅಂತ 'ಜಿಮ್ಮಿ' ಅಂದರು. ಬೇಸ್‌ಬಾಲ್ ಹುಚ್ಚಿನ ಹುಡುಗನಿಗೆ ಒಂದು ಟೀವಿ ಕೊಡಿಸೋಣ ಅಂತ ಶುರುವಾದ ಮನವಿಗೆ ಎರಡು ಲಕ್ಷ ಮೂವತ್ತೊಂದು ಸಾವಿರ ಡಾಲರಿಗೂ ಹೆಚ್ಚು ಹಣ ಹರಿದುಬಂತು. ಮಕ್ಕಳ ಕ್ಯಾನ್ಸರಿಗಾಗಿ ಇವತ್ತಿಗೂ ದುಡ್ಡು ಕೂಡಿಸುತ್ತಿರುವ ಜಿಮ್ಮಿ ಫಂಡ್ ಹುಟ್ಟಿದ್ದು ಹೀಗೆ. ಆ ಹುಡುಗ ಬದುಕಿದ! ಐನಾರ್ ಗುಸ್ತಾಫ್ಸನ್ ಅನ್ನೋದು ಅವನ ನಿಜವಾದ ಹೆಸರು ಅಂತ ಲೋಕಕ್ಕೆ ಗೊತ್ತಾಗಿದ್ದು ಬರೋಬ್ಬರಿ ಐವತ್ತು ವರ್ಷ ಆದ ಮೇಲೆ, 1998ರಲ್ಲಿ.

ಇದಕ್ಕೆ ಓಟ ಸೇರಿಕೊಂಡಿದ್ದು ಕೆನಡಾದ ಟೆರ್ರಿ ಫಾಕ್ಸ್‌ನಿಂದ. 1977ರಲ್ಲಿ, ಹದಿನೆಂಟನೇ ವಯಸ್ಸಿಗೆ, ಮೂಳೆ ಕ್ಯಾನ್ಸರ್‌ನಿಂದ ಬಲಗಾಲು ಹೋಯ್ತು. ಚಿಕಿತ್ಸೆಯ ದಿನಗಳಲ್ಲಿ ವಾರ್ಡಿನಲ್ಲಿ ಕಂಡ ಸಂಕಟ ಅವನನ್ನು ಸುಮ್ಮನೆ ಕೂರಲು ಬಿಡಲಿಲ್ಲ. 1980ರ ಏಪ್ರಿಲ್ 12ರಂದು ಕೃತಕ ಕಾಲನ್ನು ಅಟ್ಲಾಂಟಿಕ್ ನೀರಲ್ಲಿ ಅದ್ದಿ ಓಡಲು ಶುರುಮಾಡಿದ. ದಿನಕ್ಕೆ ಹತ್ತಿರ ಹತ್ತಿರ ಒಂದು ಮ್ಯಾರಥಾನ್. 143 ದಿನ, 5,373 ಕಿಲೋಮೀಟರ್. ಸೆಪ್ಟೆಂಬರ್ 1ರಂದು ನಿಲ್ಲಿಸಬೇಕಾಯ್ತು, ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿತ್ತು. ಪ್ರತಿಯೊಬ್ಬ ಕೆನಡಿಗನಿಂದ ಒಂದು ಡಾಲರ್ ಅನ್ನೋದು ಅವನ ಆಸೆಯಾಗಿತ್ತು. 1981ರ ಫೆಬ್ರವರಿ ಹೊತ್ತಿಗೆ ಎರಡು ಕೋಟಿ ನಲವತ್ತು ಲಕ್ಷ ಡಾಲರ್ ದಾಟಿ ಅದು ನಿಜವೂ ಆಯ್ತು. ಅದೇ ಜೂನ್‌ನಲ್ಲಿ, 22ರ ವಯಸ್ಸಿಗೆ, ಅವನು ತೀರಿಕೊಂಡ. ಸೆಪ್ಟೆಂಬರ್‌ನಲ್ಲಿ ಅವನ ಹೆಸರಿನ ಮೊದಲ ಓಟಕ್ಕೆ ಮೂರು ಲಕ್ಷ ಜನ ಬಂದರು. ಇವತ್ತು ಊರೂರಲ್ಲಿ ನಡೆಯುವ ಇಂಥ ಎಷ್ಟೋ ಓಟಗಳಿಗೆ ದಾರಿ ತೋರಿಸಿದ್ದು ಈ ಒಂಟಿಕಾಲಿನ ಹುಡುಗ.

ಇಷ್ಟು ಹೇಳಿದ್ರೂ ಅಂಕಲ್ ಪ್ರಶ್ನೆ ಹಾಗೇ ಉಳಿಯುತ್ತೆ, ಅಲ್ವಾ? ದುಡ್ಡು ಸಂಶೋಧನೆಗೆ ಹೋಯ್ತು, ಔಷಧಿಗಳೂ ಬಂದವು. ನಮ್ಮ ಅಂಗಳದ ನಿತ್ಯಪುಷ್ಪ ಗೊತ್ತಲ್ಲ, ಅದೇ ಗಿಡದಿಂದ ಬಂದ ವಿನ್‌ಕ್ರಿಸ್ಟೀನ್ 1963ರಿಂದ ಬಳಕೆಯಲ್ಲಿದೆ. ಹಾಗಿದ್ದ ಮೇಲೆ ಮನೆಯವರಿಗೆ ಯಾಕೆ ನೆರವು?

ಯಾಕಂದ್ರೆ ಮಕ್ಕಳ ಲುಕೇಮಿಯಾಕ್ಕೆ ಚಿಕಿತ್ಸೆ ಅಂದ್ರೆ ಒಂದು ಆಪರೇಷನ್ ಮಾಡಿ ಮನೆಗೆ ಕಳಿಸೋದಲ್ಲ. ಎರಡರಿಂದ ಮೂರು ವರ್ಷ. ಮೊದಲ ತಿಂಗಳುಗಳಲ್ಲಿ ಬಿಳಿರಕ್ತಕಣ ತೀರಾ ಇಳಿದಿರುತ್ತೆ. ಆಗ ನಡುರಾತ್ರಿ ಜ್ವರ ಬಂದ್ರೂ ತಕ್ಷಣ ಆಸ್ಪತ್ರೆಗೆ ಓಡಬೇಕು. ಅಂದ್ರೆ ಹತ್ತಿರದಲ್ಲೇ ಮನೆ ಇರಬೇಕು. ಅಪ್ಪ ಅಮ್ಮನಲ್ಲಿ ಒಬ್ಬರು ಕೆಲಸ ಬಿಡಬೇಕು. ಇನ್ನೊಂದು ಮಗು ಇದ್ದರೆ ಅದನ್ನು ಯಾರು ನೋಡ್ಕೋಬೇಕು? ಕೊನೆಯ ಒಂದೂವರೆ ಎರಡು ವರ್ಷ ಬಹುಪಾಲು ಮಾತ್ರೆಗಳೇ. ಮಗು ಹುಷಾರಾಗಿ ಆಡಿಕೊಂಡಿರುತ್ತೆ. 'ವಾಸಿ ಆಯ್ತಲ್ಲ, ಊರಿಗೆ ಹೋಗೋಣ' ಅನ್ನಿಸುತ್ತೆ. ಅಲ್ಲೇ ಇರೋದು ಅಪಾಯ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳು ಮತ್ತು ಹದಿಹರೆಯದವರಿಗೆ ಕ್ಯಾನ್ಸರ್ ಬರುತ್ತೆ. ಶ್ರೀಮಂತ ದೇಶಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಕ್ಕಳು ಗುಣವಾಗುತ್ತಾರೆ, ಬಡ ದೇಶಗಳು ಎಷ್ಟೋ ಕಡೆ 30ನ್ನೂ ಮುಟ್ಟಲ್ಲ. ಕಾಯಿಲೆ ಗೊತ್ತಾಗೋದು ತಡವಾಗೋದು, ಔಷಧಿ ಸಿಗದೇ ಇರೋದರ ಜೊತೆಗೆ ಇನ್ನೊಂದು ದೊಡ್ಡ ಕಾರಣ, ಚಿಕಿತ್ಸೆಯನ್ನು ಅರ್ಧಕ್ಕೇ ಬಿಡೋದು.

ನಮ್ಮ ದೇಶದ ಕಥೆಯೇ ನೋಡಿ. 1980ರ ದಶಕದಲ್ಲಿ ಮುಂಬೈ, ದೆಹಲಿ, ಚೆನ್ನೈನ ವೈದ್ಯರು ಒಟ್ಟು ಸೇರಿ ಎಂಸಿಪಿ-841 ಅನ್ನುವ ಒಂದೇ ಚಿಕಿತ್ಸಾಕ್ರಮ ಹಿಡಿದರು. ಲುಕೇಮಿಯಾದಿಂದ ಪಾರಾಗುವ ಮಕ್ಕಳ ಸಂಖ್ಯೆ ನೂರಕ್ಕೆ 20ರ ಆಸುಪಾಸಿನಿಂದ 45-60ಕ್ಕೆ ಏರಿತು. 1973ರಲ್ಲಿ ಶುರುವಾದ ನಮ್ಮ ಬೆಂಗಳೂರಿನ ಕಿದ್ವಾಯಿಯಲ್ಲೂ ಇದೇ ಕ್ರಮದಲ್ಲಿ ಮಕ್ಕಳಿಗೆ ಚಿಕಿತ್ಸೆ ಕೊಟ್ಟರು. ಮುಂಬೈನ ಟಾಟಾ ಆಸ್ಪತ್ರೆಯಲ್ಲಿ 2009ರಲ್ಲೂ ಸುಮಾರು ಐದು ಮಕ್ಕಳಲ್ಲಿ ಒಂದು ಮಗುವಿನ ಚಿಕಿತ್ಸೆ ನಡುವೆಯೇ ನಿಲ್ಲುತ್ತಿತ್ತು. ಅಲ್ಲಿ ಮಾಡಿದ್ದೇನು? ಉಳಿಯಲು ಜಾಗ, ಊಟ, ಹಣದ ಸಹಾಯ, ಸಮಾಧಾನದ ಮಾತು, ಬಾರದವರಿಗೆ ಫೋನು. ಕೆಲವೇ ವರ್ಷಗಳಲ್ಲಿ ಬಿಟ್ಟುಹೋಗುವವರು ನೂರಕ್ಕೆ ಐದರ ಆಸುಪಾಸಿಗೆ ಇಳಿದರು. ಹೊಸ ಔಷಧಿ ಕಂಡುಹಿಡಿದಿದ್ದರಿಂದ ಆದದ್ದಲ್ಲ ಇದು!

ಈಗ ಬಹ್ರೇನ್‌ಗೆ ಬರೋಣ. ಇವತ್ತಿನ ಅಮೆರಿಕನ್ ಮಿಷನ್ ಆಸ್ಪತ್ರೆ 1903ರಲ್ಲಿ ಬಾಗಿಲು ತೆರೆದಿದ್ದೇ ಮೇಸನ್ ಕುಟುಂಬದ ದೇಣಿಗೆಯಿಂದ. ಹಾಗಾಗಿ ಜನ ಕೊಟ್ಟು ಕಟ್ಟೋದು ಈ ದ್ವೀಪಕ್ಕೆ ಹೊಸದಲ್ಲ. ಫ್ಯೂಚರ್ ಸೊಸೈಟಿ ಫಾರ್ ಯೂತ್ ಅನ್ನುವ ಸಂಸ್ಥೆಯ 'ಇಬ್ತಿಸಾಮ' (ಅಂದ್ರೆ ಮುಗುಳ್ನಗೆ) ಕ್ಯಾನ್ಸರ್ ಮಕ್ಕಳ ಜೊತೆಗೆ ಅಪ್ಪ ಅಮ್ಮಂದಿರ ಮನಸ್ಸಿಗೂ ಆಸರೆಯಾಗುತ್ತೆ. ನಮ್ಮ ಭಾರತೀಯ ಮಕ್ಕಳು ವರ್ಷಗಟ್ಟಲೆ ಕೂದಲು ಬೆಳೆಸಿ ಬಹ್ರೇನ್ ಕ್ಯಾನ್ಸರ್ ಸೊಸೈಟಿಗೆ ಕೊಡೋದನ್ನು ನೀವೂ ಪೇಪರ್‌ನಲ್ಲಿ ನೋಡಿರಬಹುದು. ಒಂದು ಮಾತು ಮಾತ್ರ ನೆನಪಿರಲಿ: 2013ರ ಕಾನೂನಿನ ಪ್ರಕಾರ ಇಲ್ಲಿ ಸಾರ್ವಜನಿಕರಿಂದ ಹಣ ಎತ್ತಲು ಪರವಾನಗಿ ಬೇಕು. ವಾಟ್ಸಾಪ್‌ನಲ್ಲಿ ಫೋಟೋ ಹಾಕಿ ಚಂದಾ ಎತ್ತುವ ಹಾಗಿಲ್ಲ. ಮಗುವಿನ ಗುರುತು ಮುಚ್ಚಿಡುವ ದೃಷ್ಟಿಯಿಂದಲೂ ಅದು ಒಳ್ಳೇದೇ. ಜಿಮ್ಮಿಯನ್ನು ನೆನಪಿಸಿಕೊಳ್ಳಿ.

ನಮ್ಮಂಥವರ ಪಾಡು ಬೇರೆಯೇ. ನಮ್ಮ ವೀಸಾ ಕೆಲಸಕ್ಕೆ ಗಂಟು ಬಿದ್ದಿದೆ, ಹೆಂಡತಿ ಮಕ್ಕಳ ವೀಸಾ ನಮ್ಮ ವೀಸಾಕ್ಕೆ. ಅಪ್ಪ ರಜೆ ಹಾಕಿ ಹಾಕಿ ಕೆಲಸ ಹೋದರೆ ಮಗುವಿನ ಚಿಕಿತ್ಸೆಯ ಊರೂ ಹೋಯ್ತು. ಅಜ್ಜಿ ಇಲ್ಲ, ಚಿಕ್ಕಮ್ಮ ಇಲ್ಲ, ಪಕ್ಕದ ಮನೆಯವರೇ ನೆಂಟರು.

ಇದನ್ನೆಲ್ಲ ಮುಂದಿನ ವಾರ ಚಹಾ ಕುಡಿಯುತ್ತಾ ಅಂಕಲ್‌ಗೆ ಹೇಳಿದೆ. ಬಹಳ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ ಹೇಳಿದರು: "ನಾನು ಬಂದ ಹೊಸತರಲ್ಲಿ ನನ್ನ ರೂಮಿನಲ್ಲೇ ಒಬ್ಬರು ಇದ್ರು. ಊರಲ್ಲಿದ್ದ ಮಗಳಿಗೆ ಇದೇ ಕಾಯಿಲೆ. ಆರು ತಿಂಗಳು ಬೆಂಗಳೂರಿನಲ್ಲಿ ಮದ್ದು ಮಾಡಿಸಿದ್ರು, ಹುಷಾರೂ ಆಯ್ತು. ಹೆಂಡತಿ ಒಬ್ಳೇ ಎಷ್ಟು ದಿನ ಅಂತ ಅಲ್ಲಿ ರೂಮು ಮಾಡಿಕೊಂಡು ಇರ್ಲಿಕ್ಕೆ ಆಗ್ತದೆ? ಊರಿಗೆ ವಾಪಸ್ ಹೋದ್ರು. ಮರುವರ್ಷ ಮಗು ಇಲ್ಲ. ಇದ್ದಿದ್ರೆ ಈಗ ನಿನಗಿಂತ ನಾಲ್ಕು ವರ್ಷ ದೊಡ್ಡವಳು. ಮದ್ದು ಇತ್ತು ಮಾರಾಯಾ. ನಿಲ್ಲಲಿಕ್ಕೆ ಜಾಗ ಇರ್ಲಿಲ್ಲ."

ಅವರ ಪ್ರಶ್ನೆಗೆ ಉತ್ತರ ಅವರಿಗೇ ಮೊದಲೇ ಗೊತ್ತಿತ್ತು ಅಂತ ಆಗ ಅರ್ಥವಾಯ್ತು. ಇಲ್ಲ, ನಾವು ಓಡಿದ್ರೆ ಕಾಯಿಲೆ ವಾಸಿ ಆಗಲ್ಲ. ವಾಸಿ ಮಾಡೋದು ಔಷಧಿ. ಆದ್ರೆ ಆ ಔಷಧಿ ಮುಗಿಯುವ ತನಕ ಮಗು ಅಲ್ಲೇ ಇರೋ ಹಾಗೆ ನೋಡ್ಕೊಳ್ಳೋದು ನಮ್ಮ ಕೈಯಲ್ಲಿದೆ.

ನಿಮ್ಮ ಊರಲ್ಲೂ ಇಂಥ ಓಟ ಇದ್ದರೆ ಹೋಗಿ ಬನ್ನಿ. ಓಡಲು ಆಗದಿದ್ರೆ ನಡೆಯಿರಿ. ಅದೂ ಆಗದಿದ್ರೆ ಆಸ್ಪತ್ರೆಯಲ್ಲಿರುವ ಯಾರದಾದರೂ ಮನೆಗೆ ಒಂದು ಹೊತ್ತಿನ ಸಾರು ಅನ್ನ ಕಳಿಸಿ. ಅಂಕಲ್ ಮುಂದಿನ ವರ್ಷಕ್ಕೆ ಹೊಸ ಶೂ ತಗೋಬೇಕು ಅಂತಿದ್ದಾರೆ. ನಾನೂ ಬೇಗ ಮಲಗೋ ಅಭ್ಯಾಸ ಮಾಡ್ಕೋಬೇಕು. ಏನಂತೀರಿ?