ತಂತಿಯ ಜವಾರಿ

ರಾಯಚೂರಿನ ಸಂತೆಯಲ್ಲಿ ಜವಾರಿ ಎಂದರೆ ನೆಲದ ತಳಿ: ಜವಾರಿ ಜೋಳ, ಜವಾರಿ ಕೋಳಿ, ಜವಾರಿ ಸೌತಿಕಾಯಿ. ಅದೇ ಊರಿನ ಹಾಡುಗಾರರ ಮನೆಯಲ್ಲಿ ಜವಾರಿಯ ಅರ್ಥ ಬೇರೆ. ತಂಬೂರಿಯ ಕುದುರೆಗೂ ತಂತಿಗೂ ನಡುವೆ ಇಟ್ಟ ನೂಲಿನ ಎಳೆಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದಾಗ ಏಳುವ ಝೇಂಕಾರವದು. ದಕ್ಷಿಣದವರು ಅದನ್ನು ಜೀವಾಳಿ ಎನ್ನುತ್ತಾರೆ. ಶುದ್ಧ ಸ್ವರಕ್ಕೆ ಬೇಕೆಂದೇ ಬೆರೆಸಿದ ಗರಗರ ಅದು. ಆ ಗರಗರವಿಲ್ಲದ ತಂಬೂರಿಯನ್ನು ಮುಂದಿಟ್ಟುಕೊಂಡು ಯಾರೂ ಹಾಡಲು ಕೂರುವುದಿಲ್ಲ.

ಮಾಡ್ಯುಲರ್ ಸಿಂಥಸೈಜರಿನ ಮಾತು ಬಂದಾಗ ಮಾತ್ರ ಈ ಕಿವಿ ಮರೆತುಹೋಗುತ್ತದೆ. ಗದ್ದಲದ, ಮುಂಚೆಯೇ ಹೇಳಲಾಗದ ಸದ್ದನ್ನು ಹುಡುಕುವುದು ಹೊರಗಿನವರ ಹುಚ್ಚು, ದುಬಾರಿ ಪೆಟ್ಟಿಗೆ ಕೊಳ್ಳಬಲ್ಲ ಮಹಾನಗರದ ಹುಡುಗರ ಹವ್ಯಾಸ ಎಂಬ ತೀರ್ಪು ಬಹಳ ಸಲೀಸಾಗಿ ಬೀಳುತ್ತದೆ. ಈಚೆಗೆ ಅದರ ಜೊತೆಗೆ ಇನ್ನೊಂದು ಸೇರಿಕೊಂಡಿದೆ: ಭಾರತದ ಎಲೆಕ್ಟ್ರಾನಿಕ್ ಸಂಗೀತ ಅಹಮದಾಬಾದಿನಲ್ಲಿ ಹುಟ್ಟಿ ಅಲ್ಲಿಯೇ ಮುಗಿಯಿತು ಎಂಬುದು. ಎರಡೂ ಕೃಷ್ಣಾ ತುಂಗಭದ್ರೆಯರ ನಡುವಿನ ಈ ನೆಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಮಾತುಗಳು.

ಯಂತ್ರದ ಹುಟ್ಟನ್ನು ಬೇಗ ಹೇಳಿ ಮುಗಿಸಬಹುದು. 1960ರ ದಶಕದ ನಡುವೆ ಅಮೆರಿಕದ ಪೂರ್ವದಲ್ಲಿ ರಾಬರ್ಟ್ ಮೂಗ್, ಪಶ್ಚಿಮದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಾನ್ ಬುಕ್ಲಾ ಒಂದೇ ಹೊತ್ತಿಗೆ ಒಂದೇ ಬಗೆಯ ದಾರಿ ಕಂಡುಕೊಂಡರು. ಸದ್ದು ಹುಟ್ಟಿಸುವ ಆಸಿಲೇಟರ್, ಅದನ್ನು ಸೋಸುವ ಫಿಲ್ಟರ್, ಏರಿಸಿ ಇಳಿಸುವ ಆಂಪ್ಲಿಫೈಯರ್, ಎಲ್ಲ ಬೇರೆ ಬೇರೆ ಡಬ್ಬಿಗಳು. ನುಡಿಸುವವರೇ ಕೇಬಲ್ ಹಾಕಿ ಅವನ್ನು ಜೋಡಿಸಬೇಕು. ಒಂದು ವೋಲ್ಟ್ ಏರಿದರೆ ಸ್ವರ ಒಂದು ಸಪ್ತಕ ಏರುವುದು ಮೂಗ್ ಅವರ ಲೆಕ್ಕ. ಅವರು ಯಂತ್ರಕ್ಕೆ ಪಿಯಾನೊದಂಥ ಮನೆಗಳನ್ನು ಕೂರಿಸಿದರು. ಬುಕ್ಲಾ ಅದನ್ನು ಬಿಟ್ಟು ಬೆರಳು ಸೋಕಿದರೆ ಸಾಕೆನ್ನುವ ತಗಡಿನ ಪಟ್ಟಿ ಇಟ್ಟರು, ಮುಂದೆ ಒಂದು ಡಬ್ಬಿಗೆ ಅನಿಶ್ಚಿತತೆಯ ಮೂಲ ಎಂಬರ್ಥದ ಹೆಸರನ್ನೇ ಕೊಟ್ಟರು. ಗೆದ್ದದ್ದು ಮೂಗ್ ದಾರಿ. ದೂರ ನಡೆಸುವ ದಾರಿ ಮಾತ್ರ ಬುಕ್ಲಾ ಅವರದು.

1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಮೂಗ್ ಯಂತ್ರ ಬಂತು. ಅದನ್ನು ಅಣಿಗೊಳಿಸಿದವರು ನ್ಯೂಯಾರ್ಕಿನ ಡೇವಿಡ್ ಟ್ಯೂಡರ್. ಸಂಬಂಧದ ಎಳೆ ಹಳೆಯದು: ಗೀತಾ ಸಾರಾಭಾಯ್ 1946ರಲ್ಲಿ ನ್ಯೂಯಾರ್ಕಿಗೆ ಹೋಗಿ ಟ್ಯೂಡರ್ ಅವರ ಒಡನಾಡಿ ಜಾನ್ ಕೇಜ್ ಅವರಿಗೆ ಭಾರತೀಯ ಸಂಗೀತ ಹೇಳಿಕೊಟ್ಟು, ಅವರಿಂದ ಪಶ್ಚಿಮದ ಸಂಗೀತ ಕಲಿತಿದ್ದರು. 1972ರವರೆಗೆ ಗೀತಾ ಸಾರಾಭಾಯ್, ಐ. ಎಸ್. ಮಾಥುರ್, ಅತುಲ್ ದೇಸಾಯಿ, ಎಸ್. ಸಿ. ಶರ್ಮಾ, ಜಿನರಾಜ್ ಜೋಶಿಪುರ ಅಲ್ಲಿ ಕೆಲಸ ಮಾಡಿದರು. ಆಮೇಲೆ ಮರೆವು. ಬ್ರಿಟನ್ನಿನ ಪಾಲ್ ಪುರ್ಗಸ್ ಸಂಸ್ಥೆಯ ಸಂಗ್ರಹದಲ್ಲಿ ಈ ಐವರ ಟೇಪುಗಳನ್ನು ಹುಡುಕಿ ತೆಗೆದರು, 2023ರಲ್ಲಿ ಅವು ಹೊರಬಂದವು. ಆ ಕೆಲಸ ದೊಡ್ಡದು. ಆದರೆ ಟೇಪುಗಳು ಸಿಕ್ಕಿದ್ದು ಯಾರೋ ಅವನ್ನು ಕಪಾಟಿನಲ್ಲಿ ಇಟ್ಟಿದ್ದರಿಂದ.

ಕಿವಿಯ ಚರಿತ್ರೆಯಾದರೆ ಅದಕ್ಕಿಂತ ಹಳೆಯದು. ತಂತಿಯನ್ನು ಎಲ್ಲಿ ಮೀಟಿದರೆ ಯಾವ ಉಪಸ್ವರ ಹುಟ್ಟಬಾರದು ಎಂದು ಯುರೋಪಿನ ಭೌತಶಾಸ್ತ್ರ ನಿಯಮ ಹೇಳಿತ್ತು. ತಂಬೂರಿಯಲ್ಲೂ ವೀಣೆಯಲ್ಲೂ ಆ ಉಪಸ್ವರ ಗಟ್ಟಿಯಾಗಿಯೇ ಕೇಳುತ್ತದೆ ಎಂದು ಸಿ. ವಿ. ರಾಮನ್ 1921ರಲ್ಲಿ ತೋರಿಸಿದರು. ಕಾರಣ ಆ ಅಗಲವಾದ, ಬಾಗಿದ ಕುದುರೆ. ತಂತಿ ಅದನ್ನು ಮುಟ್ಟಿ ಬಿಟ್ಟು ಮುಟ್ಟುತ್ತದೆ. ಇಂದಿನ ಸಿಂಥಸೈಜರಿನವರು ಅಲೆಯನ್ನು ಮಡಚಿ, ತುದಿ ಕತ್ತರಿಸಿ ಉಪಸ್ವರ ಎಬ್ಬಿಸುತ್ತಾರೆ. ನೂಲಿನ ಎಳೆ ಮಾಡುವ ಕೆಲಸವೂ ಅದಕ್ಕೆ ದೂರದ್ದಲ್ಲ. ಈ ನೆಲದಲ್ಲಿ ಮಾನ್ವಿಯ ಜಗನ್ನಾಥದಾಸರ (1728–1809) ಕಾಲದಿಂದ ದಾಸರ ಪದ, ತತ್ವಪದ ಎರಡಕ್ಕೂ ತಂಬೂರಿ ಏಕತಾರಿಗಳ ಈ ಝೇಂಕಾರವೇ ಹಾಸು. ರಾಯಚೂರು ನಗರದ ರಂಗಮಂದಿರ ಹೊತ್ತಿರುವುದು ಹಾಡುಗಾರ ಪಂಡಿತ ಸಿದ್ಧರಾಮ ಜಂಬಲದಿನ್ನಿ ಅವರ ಹೆಸರನ್ನು. ಇಂಥ ಕಡೆ ಗರಗರದ ಸೊಗಸನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ.

ಚೌಡಿಕೆಯನ್ನೂ ಇಲ್ಲಿ ಹೇಳಬೇಕು. ಎಲ್ಲಮ್ಮನ ಜೋಗತಿಯರ ಕಂಕುಳಲ್ಲಿ ಕೂರುವ ಈ ವಾದ್ಯಕ್ಕೆ ಚರ್ಮದಿಂದ ಹೊರಟ ಒಂದೇ ತಂತಿ. ಮೀಟಿದರೆ ಸ್ವರ, ತಾಳ ಒಟ್ಟಿಗೆ ಬರುತ್ತವೆ. ಬಿಗಿ ಬದಲಾದರೆ ಸ್ವರ ಜಾರುತ್ತದೆ. ಮನೆಗಳಿಲ್ಲದ ವಾದ್ಯ. ಬುಕ್ಲಾ ಹುಡುಕಿದ್ದು ಇದನ್ನೇ.

ಬೆಂಗಳೂರಿನ ಕೊಡುಗೆ ಇದಕ್ಕೆ ತಿರುಗುಮುರುಗು. ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಗೆ ಎಲೆಕ್ಟ್ರಾನಿಕ್ ಶ್ರುತಿಯನ್ನು ರೂಪಿಸಿದರು. ಅವರ ರಾಡೆಲ್ ಪೆಟ್ಟಿಗೆ ಊರೂರಿನ ಸಂಗೀತ ಶಾಲೆ ಸೇರಿತು. ಕರ್ನಾಟಕದಲ್ಲಿ ಅತಿ ಹೆಚ್ಚು ಕಿವಿಗಳಿಗೆ ಬಿದ್ದ ಎಲೆಕ್ಟ್ರಾನಿಕ್ ಧ್ವನಿ ಅದೇ ಇರಬೇಕು, ಆದರೂ ಎಲೆಕ್ಟ್ರಾನಿಕ್ ಸಂಗೀತದ ಚರಿತ್ರೆಗಳಲ್ಲಿ ಅದಕ್ಕೆ ಒಂದು ಸಾಲು ಸಿಗುವುದಿಲ್ಲ. ತಂಬೂರಿಯ ಅಲುಗಾಟವನ್ನು ಅದು ತೆಗೆದುಹಾಕಿತು ಎಂಬುದೂ ನಿಜ. ಕಲಿಯುವವರಿಗೆ ಬೇಕಿದ್ದುದೂ ಅಲುಗದ ಶ್ರುತಿಯೇ.

1980ರ ದಶಕ ಕೀಬೋರ್ಡಿನದು. ಮುಂಬೈಯ ಚರಣಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಯಂತ್ರಗಳ ಮೇಲೆ ಕೂರಿಸಿದರು. 1983ರಲ್ಲಿ ಯಮಾಹಾ ಡಿಎಕ್ಸ್ 7 ಬಂದ ಮೇಲೆ ಗುಂಡಿ ಒತ್ತಿದರೆ ಸಿದ್ಧ ಸದ್ದು, ಕೇಬಲ್ ಯಾರಿಗೂ ಬೇಡವಾಯಿತು. ಹಂಸಲೇಖ ಅವರ 'ಪ್ರೇಮಲೋಕ' (1987) ಕೇಳಿ ಬೆಳೆದ ಆರ್ಕೆಸ್ಟ್ರಾಗಳು ಜಾತ್ರೆಯ ವೇದಿಕೆಗೆ ಕೀಬೋರ್ಡ್ ತಂದವು.

ಅದೇ ಹೊತ್ತಿಗೆ ಇನ್ನೊಂದು ಶಾಲೆ ನಡೆದಿತ್ತು, ರೇಡಿಯೊ ಟೇಪ್ ರಿಪೇರಿ ಅಂಗಡಿಗಳಲ್ಲಿ. ರಾಯಚೂರಿನ ಪೇಟೆಯಲ್ಲಿ, ಮಾನ್ವಿ ದೇವದುರ್ಗಗಳ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಸೀಸ ಸುಟ್ಟ ವಾಸನೆಯ ಆ ಸಣ್ಣ ಮಳಿಗೆಗಳಲ್ಲಿ ಒಂದು ತಲೆಮಾರು ಸದ್ದಿನ ಒಳಗನ್ನು ಕಂಡಿತು. ಶಾರ್ಟ್‌ವೇವಿನಲ್ಲಿ ರೇಡಿಯೊ ಸಿಲೋನ್ ಹುಡುಕುವಾಗ ಎರಡು ಸ್ಟೇಷನ್ನುಗಳ ನಡುವೆ ಏರಿ ಇಳಿಯುವ ಸಿಳ್ಳು, ಅರ್ಥ್ ಬಿಟ್ಟ ಆಂಪ್ಲಿಫೈಯರಿನ ಗುಂಯ್, ಮೈಕನ್ನು ಸ್ಪೀಕರಿಗೆ ಹಿಡಿದಾಗಿನ ಕೂಗು. ರಿಪೇರಿಯವರಿಗೆ ಇವೆಲ್ಲ ದೋಷದ ಗುರುತುಗಳು, ಆದರೆ ಯಾವ ಸದ್ದು ಯಾವ ಭಾಗದಿಂದ ಬಂತೆಂದು ಅವರಂತೆ ಹೇಳಬಲ್ಲವರು ಇನ್ನಾರೂ ಇರಲಿಲ್ಲ. ಯಂತ್ರದ ಹೊರಮಾರ್ಗವನ್ನು ಒಳಮಾರ್ಗಕ್ಕೇ ತಿರುಗಿಸಿ ಟ್ಯೂಡರ್ ಕಟ್ಟಿದ ಸಂಗೀತಕ್ಕೆ ಬೇಕಾದದ್ದು ಈ ಅರಿವೇ.

ಆ ಅಂಗಡಿಯ ಸಾಮಾನಿನಲ್ಲಿಯೇ ಮಾಡ್ಯುಲರಿನ ತಿರುಳು ಇದೆ. ಕೆಲವೇ ರೂಪಾಯಿಯ ಬಿಸಿ 547 ಟ್ರಾನ್ಸಿಸ್ಟರಿನ ಎಮಿಟರ್ ಬೇಸ್ ಜೋಡಿಗೆ, ನಡುವೆ ಒಂದು ರೆಸಿಸ್ಟರ್ ಇಟ್ಟು, 12 ವೋಲ್ಟ್ ತಿರುಗಿಸಿ ಕೊಟ್ಟರೆ ಅದು ಸುಸ್ಸೆನ್ನುತ್ತದೆ. ಆ ಸದ್ದನ್ನು ದೊಡ್ಡದು ಮಾಡಿದರೆ ಬಿಳಿ ಗದ್ದಲ ಸಿದ್ಧ. ಅದರಿಂದ ಹೊತ್ತುಹೊತ್ತಿಗೆ ಒಂದೊಂದು ವೋಲ್ಟೇಜ್ ಹಿಡಿದಿಟ್ಟು ಆಸಿಲೇಟರಿಗೆ ಕೊಟ್ಟರೆ ಯಾರೂ ಬರೆಯದ ಸ್ವರಸಾಲು ಹೊರಡುತ್ತದೆ. 40106 ಎಂಬ ಒಂದು ಚಿಪ್ಪಿನಲ್ಲಿ ಆರು ಆಸಿಲೇಟರುಗಳಿಗೆ ಜಾಗವಿದೆ. ನಿಕೊಲಸ್ ಕಾಲಿನ್ಸ್ 2006ರಲ್ಲಿ ಪ್ರಕಟಿಸಿದ ಕೈಪಿಡಿ ಇಂಥ ಸರ್ಕ್ಯೂಟುಗಳನ್ನು ಜಗತ್ತಿಗೆಲ್ಲ ಹಂಚಿತು.

ಮಾಡ್ಯುಲರ್ ಮರಳಿ ಬಂದದ್ದು 1995ರಲ್ಲಿ ಜರ್ಮನಿಯ ಡೀಟರ್ ಡೋಪ್‌ಫರ್ ತಂದ ಎ-100ರಿಂದ. ಅದರ ಅಳತೆಯೇ ಯುರೋರ‍್ಯಾಕ್ ಎಂಬ ವಾಡಿಕೆಯಾಯಿತು. ಆಮೇಲಿನ ನೂರಾರು ತಯಾರಕರಲ್ಲಿ ನೆನೆಯಬೇಕಾದವರು ಕೆಲವರೇ. ಹಾಲೆಂಡಿನ ರಾಬ್ ಹೋರ್ಡೈಕ್ ಅವರಲ್ಲಿ ಮೊದಲಿಗರು: ಅವರ ಬೆಂಜೋಲಿನ್ ಎಂಬ ಯಂತ್ರದಲ್ಲಿ ಎರಡು ಆಸಿಲೇಟರುಗಳು ಒಂದು ಶಿಫ್ಟ್ ರಿಜಿಸ್ಟರಿನ ಮೂಲಕ ಒಂದರ ವೇಗವನ್ನು ಇನ್ನೊಂದು ಕೆಡಿಸುತ್ತ ಹೋಗುತ್ತವೆ. ನಾಬನ್ನು ಸ್ವಲ್ಪ ತಿರುಗಿಸಿದರೆ ಒಂದು ಲಯ ಕಟ್ಟಿಕೊಳ್ಳುತ್ತದೆ, ಇನ್ನೂ ಸ್ವಲ್ಪಕ್ಕೆ ಚದುರುತ್ತದೆ. ಟಾಮ್ ವಿಟ್ವೆಲ್ ಅವರ ಟ್ಯೂರಿಂಗ್ ಮಷಿನ್ (2012) ಯದ್ವಾತದ್ವದಿಂದ ಪುನರಾವರ್ತನೆಯವರೆಗಿನ ದಾರಿಯನ್ನು ಒಂದೇ ನಾಬಿನಲ್ಲಿ ಇಟ್ಟಿತು. ಎಮಿಲಿ ಜಿಲೆ ತಮ್ಮ ಬಹುತೇಕ ವಿನ್ಯಾಸಗಳನ್ನು ಮುಕ್ತವಾಗಿ ಬಿಟ್ಟುಕೊಟ್ಟರು. 2017ರಲ್ಲಿ ಬಂದ ವಿಸಿವಿ ರ‍್ಯಾಕ್ ಎಂಬ ಉಚಿತ ತಂತ್ರಾಂಶ ಇಡೀ ಪೆಟ್ಟಿಗೆಯನ್ನು ಲ್ಯಾಪ್‌ಟಾಪಿಗೆ ಇಳಿಸಿತು. ದುಬಾರಿ ಎಂಬ ನೆಪ ಅಂದಿಗೇ ಬಿದ್ದುಹೋಗಬೇಕಿತ್ತು.

ಕೈ ಇದೆ, ಕಿವಿ ಇದೆ, ಯಂತ್ರವೂ ಕೈಗೆಟುಕುತ್ತದೆ. ಧ್ವನಿಮುದ್ರಣ ಮಾತ್ರ ಇಲ್ಲ. ಮಾನ್ವಿಯ ಅಕ್ಕಿ ಗಿರಣಿಯ ಎಲಿವೇಟರ್ ಸದ್ದು, ರಾಯಚೂರಿನ ಹತ್ತಿ ಜಿನ್ನಿಂಗಿನ ರೋಲರುಗಳು, ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆಯ ತೂಬಿನಲ್ಲಿ ನೀರು ಬಿಟ್ಟ ಮೊದಲ ದಿನದ ಮೊರೆತ, ಮೊಹರಮ್ಮಿನ ಹಲಗಿ: ಇವನ್ನು ತಾರೀಖು, ಸ್ಥಳ ಬರೆದು ಒಂದು ಕಡೆ ಇಡುವ ಕೆಲಸ ಆಗಬೇಕು. 2019ರಿಂದ ಜಿಲ್ಲೆಯ ಹೆಸರಿನಲ್ಲಿ ಐಐಐಟಿ ಇದೆ, ರಾಯಚೂರಿಗೆ ತನ್ನದೇ ವಿಶ್ವವಿದ್ಯಾಲಯವಿದೆ. ಒಂದು ಕೋಣೆ, ನಾಲ್ಕು ಮೈಕು, ಒಂದು ಹಾರ್ಡ್ ಡಿಸ್ಕಿನಿಂದ ಅದು ಶುರುವಾಗಬಹುದು. ರಿಪೇರಿಯ ಹಿರಿಯರು ಇನ್ನೂ ಇರುವಾಗಲೇ ಅವರನ್ನು ಆ ಕೋಣೆಗೆ ಕರೆಯಬೇಕು.

ಮೊದಲ ಮುದ್ರಣಕ್ಕೆ ಊರ ಹೊರಗಿನ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸಾಕು. ನಮ್ಮ ಕರೆಂಟು 50 ಹರ್ಟ್ಸಿನದು; ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಒಡಲು ಒಂದು ಸುತ್ತಿಗೆ ಎರಡು ಸಲ ಹಿಗ್ಗುವುದರಿಂದ ಗುಂಯ್‌ಗುಡುವುದು 100ರಲ್ಲಿ. ಹಾರ್ಮೋನಿಯಮ್ಮಿನ ಖರಜದ ಬಿಳಿ ಐದು 98. ಎರಡನ್ನೂ ಒಟ್ಟಿಗೆ ಕೇಳಿದರೆ ಸೆಕೆಂಡಿಗೆ ಎರಡು ಮಿಡಿತ. ಆ ಮಿಡಿತವೂ ನಿಲ್ಲದೆ ಬದಲಾಗುತ್ತಿರುತ್ತದೆ, ಏಕೆಂದರೆ ದೇಶದ ಬೇಡಿಕೆ ಏರಿದಾಗ 50 ಎಳ್ಳಷ್ಟು ಇಳಿಯುತ್ತದೆ, ಬೇಡಿಕೆ ತಗ್ಗಿದಾಗ ಏರುತ್ತದೆ; ರಾಯಚೂರು ಬಳಿಯ ಶಕ್ತಿನಗರದ 1720 ಮೆಗಾವಾಟಿನ ವಿದ್ಯುತ್ ಸ್ಥಾವರ ಆ ಎಳೆತಕ್ಕೆ ತೂಕ ಕೊಡುತ್ತದೆ. ದಕ್ಷಿಣದ ವಿದ್ಯುತ್ ಜಾಲ ದೇಶದ ಉಳಿದ ಜಾಲದೊಡನೆ ಒಂದೇ ಲಯಕ್ಕೆ ಬಂದದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೋಲಾಪುರ 765 ಕಿಲೋವೋಲ್ಟ್ ತಂತಿಯ ಮೂಲಕ. ಅಂದಿನಿಂದ ಅಹಮದಾಬಾದಿನ ಟ್ರಾನ್ಸ್‌ಫಾರ್ಮರೂ ದೇವದುರ್ಗದ ಹೊಲದಂಚಿನ ಟಿಸಿಯೂ ಒಂದೇ ಶ್ರುತಿಯಲ್ಲಿ, ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತಿವೆ.